ಒಂದು ಗೋಲಿನ ಅಂತರ: ಕೇಂದ್ರ ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೆ,

ಮೊದಲು ಮೂರು ಫಲಿತಾಂಶಗಳನ್ನು ನಿಮ್ಮ ಮುಂದಿಡುತ್ತೇವೆ. 2024ರ ಸೆಪ್ಟೆಂಬರ್‌ನಲ್ಲಿ ಲಾವೋಸ್‌ನಲ್ಲಿ ನಡೆದ 20 ವರ್ಷದೊಳಗಿನವರ ಏಷ್ಯನ್ ಕಪ್ ಫುಟ್‌ಬಾಲ್ ಅರ್ಹತಾ ಸುತ್ತಿನಲ್ಲಿ ಭಾರತ ಮಂಗೋಲಿಯಾವನ್ನು 4–1ರಿಂದ, ಲಾವೋಸನ್ನು 2–0ರಿಂದ ಸೋಲಿಸಿತು; ಇರಾನ್‌ಗೆ 0–1ರಿಂದ ಸೋತಿತು. ಮರುತಿಂಗಳು ಥಾಯ್ಲೆಂಡ್‌ನಲ್ಲಿ 17 ವರ್ಷದೊಳಗಿನ ಹುಡುಗರು ಬ್ರೂನೈಗೆ 13 ಗೋಲು ಹೊಡೆದರು, ತುರ್ಕ್‌ಮೆನಿಸ್ತಾನವನ್ನು 1–0ರಿಂದ ಮಣಿಸಿದರು. ಆತಿಥೇಯರಿಗೆ 2–3ರಿಂದ ಸೋತರು. 2025ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ 23 ವರ್ಷದೊಳಗಿನ ತಂಡ ಬಹರೇನ್ ಮೇಲೆ 2–0, ಬ್ರೂನೈ ಮೇಲೆ 6–0 ಗೆದ್ದಿತು. ಕತಾರ್ ವಿರುದ್ಧ ಕೆಂಪು ಕಾರ್ಡ್, ಪೆನಾಲ್ಟಿ ಎರಡೂ ಬಂದು 1–2ರಿಂದ ಸೋತಿತು. ಮೂರು ತಂಡಗಳೂ ಮುಖ್ಯ ಟೂರ್ನಿ ತಲುಪಲಿಲ್ಲ. ಮೂರು ಸಲವೂ ಕೈತಪ್ಪಿದ್ದು ಒಂದು ಪಂದ್ಯ, ಆ ಪಂದ್ಯದಲ್ಲಿ ಒಂದು ಗೋಲು.

ಆ ಒಂದು ಗೋಲು ಎಲ್ಲಿಂದ ಬರುತ್ತದೆ, ಅದನ್ನು ತಡೆಯುವ ಕೆಲಸದಲ್ಲಿ ನಿಮ್ಮ ಸಚಿವಾಲಯದ ಪಾಲೆಷ್ಟು ಎಂಬುದಕ್ಕಷ್ಟೇ ಈ ಪತ್ರ. ಬರೆಯುತ್ತಿರುವ ನಾವು ವಯೋಮಿತಿ ತಂಡಗಳೊಂದಿಗೆ ದಿನನಿತ್ಯ ಮೈದಾನದಲ್ಲಿರುವವರು.

ಅವಕಾಶ ಹಿಂದೆಂದಿಗಿಂತ ಹತ್ತಿರದಲ್ಲಿದೆ, ಅದನ್ನು ಮೊದಲು ಹೇಳಬೇಕು. 17 ವರ್ಷದೊಳಗಿನವರ ವಿಶ್ವಕಪ್ 2025ರಿಂದ 48 ತಂಡಗಳದ್ದಾಗಿದೆ. 2029ರವರೆಗೆ ಪ್ರತಿ ವರ್ಷವೂ ಕತಾರ್‌ನಲ್ಲೇ ನಡೆಯುತ್ತದೆ. ಆತಿಥೇಯರನ್ನು ಬಿಟ್ಟು ಏಷ್ಯಾಕ್ಕೆ ಎಂಟು ಸ್ಥಾನ. ಅಂದರೆ 16 ತಂಡಗಳ ಏಷ್ಯನ್ ಕಪ್‌ನಲ್ಲಿ ಗುಂಪಿನ ಮೊದಲ ಎರಡರೊಳಗೆ ಬಂದರೆ ವಿಶ್ವಕಪ್‌ನ ಬಾಗಿಲು ತೆರೆದಂತೆ. 2018ರಲ್ಲಿ ಮಲೇಷ್ಯಾದಲ್ಲಿ ತರಬೇತುದಾರ ಬಿಬಿಯಾನೊ ಫರ್ನಾಂಡಿಸ್ ಅವರ 16 ವರ್ಷದೊಳಗಿನ ತಂಡ ವಿಯೆಟ್ನಾಂ ಮೇಲೆ 1–0 ಗೆದ್ದು, ಇರಾನ್ ಮತ್ತು ಇಂಡೊನೇಷ್ಯಾ ಜೊತೆ ಗೋಲಿಲ್ಲದ ಡ್ರಾ ಸಾಧಿಸಿ, ಗುಂಪಿನಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಕ್ವಾರ್ಟರ್ ಫೈನಲ್ ತಲುಪಿತ್ತು. ಅಲ್ಲಿ ದಕ್ಷಿಣ ಕೊರಿಯಾಗೆ 0–1ರಿಂದ ಸೋತು ವಿಶ್ವಕಪ್ ತಪ್ಪಿಸಿಕೊಂಡಿತು. ಇಂದಿನ ಲೆಕ್ಕದಲ್ಲಾಗಿದ್ದರೆ ಆ ಹುಡುಗರು ಗುಂಪಿನ ಹಂತ ಮುಗಿದ ರಾತ್ರಿಯೇ ವಿಶ್ವಕಪ್‌ಗೆ ಅರ್ಹರು.

ಇನ್ನು 2025ರ ನವೆಂಬರ್. ಅಹಮದಾಬಾದ್‌ನಲ್ಲಿ ನಮ್ಮ 17 ವರ್ಷದೊಳಗಿನ ತಂಡ ಪ್ಯಾಲೆಸ್ತೀನ್ ಜೊತೆ 1–1 ಡ್ರಾ ಮಾಡಿತು, ಚೈನೀಸ್ ತೈಪೆಯನ್ನು 3–1ರಿಂದ ಗೆದ್ದಿತು, ಲೆಬನಾನ್‌ಗೆ 0–2ರಿಂದ ಸೋತಿತು. ಕೊನೆಯ ಪಂದ್ಯದಲ್ಲಿ ಇರಾನ್ ಎದುರು ಹಿಂದೆ ಬಿದ್ದು, ಆಮೇಲೆ 2–1ರಿಂದ ಗೆದ್ದು ಏಷ್ಯನ್ ಕಪ್‌ಗೆ ಹೋಯಿತು. ಅದೇ ವರ್ಷ 20 ವರ್ಷದೊಳಗಿನ ಹುಡುಗಿಯರು ಯಾಂಗೂನ್‌ನಲ್ಲಿ ಮ್ಯಾನ್ಮಾರ್ ಮೇಲೆ 1–0 ಗೆದ್ದು, 17 ವರ್ಷದೊಳಗಿನ ಹುಡುಗಿಯರು ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನ್ ಮೇಲೆ 2–1 ಗೆದ್ದು ತಮ್ಮ ತಮ್ಮ ಏಷ್ಯನ್ ಕಪ್‌ಗೆ ಅರ್ಹರಾದರು. ಅರ್ಹತೆ ತಂದುಕೊಟ್ಟ ಈ ಗೆಲುವುಗಳೂ ಒಂದೇ ಗೋಲಿನವು. ಪ್ರತಿಭೆಯೇ ಇಲ್ಲ ಎನ್ನುವ ಮಾತನ್ನು ಇನ್ನು ಬದಿಗಿಡಬಹುದು.

ಹಾಗಾದರೆ ಕೊರತೆ ಯಾವುದು? ಕಠಿಣ ಪಂದ್ಯಗಳದ್ದು. 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ, 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ 82ನೇ ನಿಮಿಷದಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ತೆಗೆದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆಕೊಟ್ಟರು. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು, 1–1. 83ನೇ ನಿಮಿಷದಲ್ಲಿ ಕೊಲಂಬಿಯಾ ಮತ್ತೆ ಗೋಲು ಹೊಡೆಯಿತು. ಗೋಲು ಹೊಡೆದ ತಕ್ಷಣದ ಐದು ನಿಮಿಷ ತಂಡ ಸಡಿಲವಾಗಿಬಿಡಬಹುದು. ಸಂಭ್ರಮದಲ್ಲಿ ಎದೆಬಡಿತ ಏರಿರುತ್ತದೆ, ಫುಲ್‌ಬ್ಯಾಕ್‌ಗಳು (ಎರಡೂ ಅಂಚಿನ ರಕ್ಷಕರು) ಇನ್ನೂ ಎದುರಾಳಿಯ ಕಡೆಯೇ ನಿಂತಿರುತ್ತಾರೆ, ಕಿಕ್‌ಆಫ್ ಎದುರಾಳಿಯದ್ದು. ಆಗ ಮಾಡಬೇಕಾದ್ದು ಗೊತ್ತಿರುವುದೇ: ರಕ್ಷಣೆಯ ಸಾಲು ಹತ್ತು ಹೆಜ್ಜೆ ಹಿಂದೆ ಸರಿಯಬೇಕು, ಇಬ್ಬರು ಮಿಡ್‌ಫೀಲ್ಡರ್‌ಗಳು ಸೆಂಟರ್‌ಬ್ಯಾಕ್‌ಗಳ (ನಡುವಿನ ರಕ್ಷಕರ) ಮುಂದೆಯೇ ನಿಲ್ಲಬೇಕು, ಸಿಕ್ಕ ಮೊದಲ ಚೆಂಡನ್ನು ಎದುರಾಳಿಯ ಮೂಲೆಯ ಕಡೆ ದೂಡಬೇಕು, ನಡುಮೈದಾನದಲ್ಲಿ ಫೌಲ್ ಕೊಡಬಾರದು. ಇದನ್ನು ಬೋರ್ಡ್ ಮೇಲೆ ಹತ್ತು ನಿಮಿಷದಲ್ಲಿ ಕಲಿಸಬಹುದು. ಆದರೆ ಕಾಲಿಗೆ ಬರಬೇಕಾದರೆ ಆ ಐದು ನಿಮಿಷವನ್ನು ಹುಡುಗ ವರ್ಷದಲ್ಲಿ ಇಪ್ಪತ್ತು ಸಲವಾದರೂ ನಿಜವಾಗಿ ಅನುಭವಿಸಿರಬೇಕು. ಶಿಬಿರದಲ್ಲಿ ಅದನ್ನು ಹುಟ್ಟಿಸಲಾಗದು.

ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಟೂರ್ನಿಗಳನ್ನು ಭಾರತ ಪದೇ ಪದೇ ಗೆಲ್ಲುತ್ತಿದೆ. ಅದು ಸಂತೋಷದ ವಿಷಯ. ಆದರೆ ಅದು ಅಳತೆಗೋಲಲ್ಲ. ಬ್ರೂನೈ ಮೇಲಿನ 13–0ರಲ್ಲಿ ನಮ್ಮ ಗೋಲ್‌ಕೀಪರ್ ಏನು ಕಲಿತಿರಲು ಸಾಧ್ಯ? 2023ರ 17 ವರ್ಷದೊಳಗಿನವರ ಏಷ್ಯನ್ ಕಪ್‌ನಲ್ಲಿ ಜಪಾನ್‌ಗೆ ನಾಲ್ಕು ಗೋಲು ಹೊಡೆದು ಎಂಟು ಬಿಟ್ಟುಕೊಟ್ಟೆವಲ್ಲ, ಆ ಪಂದ್ಯದ ಪಾಠ ಹತ್ತು ಸುಲಭ ಗೆಲುವುಗಳಿಗಿಂತ ದೊಡ್ಡದು. ಜಪಾನ್, ಉಜ್ಬೇಕಿಸ್ತಾನ್, ಇರಾನ್ ತಂಡಗಳು ಚೆಂಡು ಕಳೆದುಕೊಂಡ ಮೂರ್ನಾಲ್ಕು ಸೆಕೆಂಡಿನೊಳಗೆ ಮತ್ತೆ ಮುತ್ತಿಗೆ ಹಾಕುತ್ತವೆ. ನಮ್ಮ ದೇಶೀಯ ಯೂತ್ ಪಂದ್ಯಗಳಲ್ಲಿ ಚೆಂಡು ಹಿಡಿದು, ತಿರುಗಿ, ತಲೆಯೆತ್ತಿ ನೋಡುವಷ್ಟು ಪುರಸೊತ್ತು ಸಿಗುತ್ತದೆ. ಅಲ್ಲಿ ಸಿಗುವುದಿಲ್ಲ. ಚೆಂಡು ಬರುವ ಮೊದಲೇ ಹೆಗಲ ಹಿಂದೆ ನೋಡಿಕೊಳ್ಳುವ ಅಭ್ಯಾಸ ಇಲ್ಲದ ಮಿಡ್‌ಫೀಲ್ಡರ್ ಮೊದಲ ಇಪ್ಪತ್ತು ನಿಮಿಷದಲ್ಲೇ ಗಾಬರಿಯಾಗುತ್ತಾನೆ. ಎಪ್ಪತ್ತನೇ ನಿಮಿಷದ ಹೊತ್ತಿಗೆ ಅವನ ಕಾಲೂ ಸೋಲುತ್ತದೆ, ನಿರ್ಧಾರವೂ ಸೋಲುತ್ತದೆ.

ಆದ್ದರಿಂದ ಮೊದಲ ಬೇಡಿಕೆ. ರಾಷ್ಟ್ರೀಯ ಸಂಭಾವ್ಯರ ಪಟ್ಟಿಯಲ್ಲಿರುವ ಪ್ರತಿ ಹುಡುಗನಿಗೂ ವರ್ಷಕ್ಕೆ ಕನಿಷ್ಠ 30 ಪೂರ್ಣಾವಧಿ ಸ್ಪರ್ಧಾತ್ಮಕ ಪಂದ್ಯ ಸಿಗಬೇಕು. ಅದರಲ್ಲಿ ಎಂಟು ಹತ್ತಾದರೂ ನಮಗಿಂತ ಬಲಿಷ್ಠ ತಂಡಗಳ ವಿರುದ್ಧ, ಪರದೇಶದ ನೆಲದಲ್ಲಿ. ವಲಯ ಹಂತದಲ್ಲೇ ಹೊರಬಿದ್ದ ತಂಡದ ಹುಡುಗನಿಗೆ ಯೂತ್ ಲೀಗಿನ ವರ್ಷ ಅಲ್ಲಿಗೇ ಮುಗಿಯಬಾರದು. ಸೋತವರಿಗೂ ಕೆಳಹಂತದ ಪಂದ್ಯಗಳು ಮುಂದುವರಿಯುವಂತೆ ಲೀಗನ್ನು ಕಟ್ಟಬೇಕು. ಹಿರಿಯರೆದುರು ಆಡುವ ಅವಕಾಶವೂ ಬೇಕು. ಫುಟ್‌ಬಾಲ್ ಫೆಡರೇಷನ್‌ನ ಯುವ ತಂಡವಾಗಿದ್ದ ಇಂಡಿಯನ್ ಆ್ಯರೋಸ್ 2017ರ ವಿಶ್ವಕಪ್ ಹುಡುಗರನ್ನು ನೇರವಾಗಿ ಹಿರಿಯರ ಕ್ಲಬ್‌ಗಳ ಐ-ಲೀಗ್‌ನಲ್ಲಿ ಆಡಿಸಿತ್ತು. 2022ರಲ್ಲಿ ಅದನ್ನು ಮುಚ್ಚಿದ ಮೇಲೆ ಆ ಜಾಗ ಖಾಲಿಯಾಗಿಯೇ ಉಳಿದಿದೆ. ಅದೇ ತಂಡ ಮರಳಬೇಕೆಂದಿಲ್ಲ. ಐ-ಲೀಗ್ ಮತ್ತು ರಾಜ್ಯ ಲೀಗ್‌ಗಳಲ್ಲಿ 19 ವರ್ಷದೊಳಗಿನವರಿಗೆ ಕಡ್ಡಾಯ ನಿಮಿಷಗಳ ನಿಯಮ ತಂದರೂ ಸಾಕು, ಖರ್ಚು ಕಡಿಮೆ.

ಎರಡನೆಯದು ಹಣದ ಕ್ಯಾಲೆಂಡರ್. ಶಿಬಿರ, ಪ್ರವಾಸಗಳಿಗೆ ಸರ್ಕಾರದ ನೆರವು ಬರುವುದು ವಾರ್ಷಿಕ ತರಬೇತಿ ಮತ್ತು ಸ್ಪರ್ಧಾ ಕ್ಯಾಲೆಂಡರ್ ಮೂಲಕ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದಲ್ಲಿ. ಅರ್ಹತಾ ಸುತ್ತುಗಳು ಬೀಳುವುದು ಹೆಚ್ಚಾಗಿ ಆಗಸ್ಟ್‌ನಿಂದ ನವೆಂಬರ್‌ ನಡುವೆ. ಮಂಜೂರಾತಿ ಜೂನ್‌ಗೆ ಜಾರಿದರೆ ಶಿಬಿರ ಜುಲೈಗೆ, ಸ್ನೇಹಪೂರ್ವಕ ಪಂದ್ಯ ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಒಳ್ಳೆಯ ಎದುರಾಳಿಗಳ ದಿನಾಂಕಗಳು ಬೇರೆಯವರ ಪಾಲಾಗಿರುತ್ತವೆ, ಉಳಿದ ಯಾವುದೋ ತಂಡದ ಜೊತೆ ಆಡಿ ಹೊರಡಬೇಕು. ಇದು ಯುದ್ಧಕಾಲೇ ಶಸ್ತ್ರಾಭ್ಯಾಸ. 2010ರ ಜನವರಿ 1 ಮತ್ತು ಅನಂತರ ಹುಟ್ಟಿದವರ ತಂಡಕ್ಕೆ, ಅದರ ಹಿಂದೆ ಬರುವ 2011ರ ತಂಡಕ್ಕೆ ಎರಡೆರಡು ವರ್ಷಗಳ ಮೊತ್ತವನ್ನು ಒಟ್ಟಿಗೆ ಮಂಜೂರು ಮಾಡಿ. ವಿಶ್ವಕಪ್ ಪ್ರತಿ ವರ್ಷ ಬರುತ್ತಿರುವಾಗ ಒಂದು ತಂಡ ಆಡುತ್ತಿರುವಾಗಲೇ ಮುಂದಿನದು ಅರ್ಧ ಸಿದ್ಧವಾಗಿರಬೇಕು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಫುಟ್‌ಬಾಲ್ ತಂಡವನ್ನು ಕಳಿಸುವ ತೀರ್ಮಾನ ಬಂದದ್ದು, ಏಷ್ಯಾದ ಮೊದಲ ಎಂಟರೊಳಗಿನ ತಂಡಗಳನ್ನಷ್ಟೇ ಕಳಿಸುವ ನಿಯಮ ಸಡಿಲಿಸಿದ ಮೇಲೆ, ಜುಲೈ ಕೊನೆಯಲ್ಲಿ. ಆಟಗಾರರ ಬಿಡುಗಡೆಗಾಗಿ ಕ್ಲಬ್‌ಗಳೊಂದಿಗಿನ ಹಗ್ಗಜಗ್ಗಾಟ ಕೊನೆಯ ವಾರದವರೆಗೂ ನಡೆಯಿತು. ತಂಡ ಚೀನಾ ತಲುಪಿದ್ದು ಸೆಪ್ಟೆಂಬರ್ 18ರ ಸಂಜೆ. ಆತಿಥೇಯರ ವಿರುದ್ಧ ಪಂದ್ಯ 19ಕ್ಕೆ. ಮಧ್ಯಂತರದಲ್ಲಿ 1–1. ಕೊನೆಗೆ 1–5. ಮೊದಲಾರ್ಧದ ಆ ಅಂಕಿಯನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಸೋತದ್ದು ಆಟವಲ್ಲ, ನಿದ್ದೆಯಿಲ್ಲದ ಕಾಲುಗಳು. ಫಿಫಾ ವಿಂಡೋದ (ರಾಷ್ಟ್ರೀಯ ತಂಡಗಳಿಗೆಂದು ಫಿಫಾ ಮೀಸಲಿಟ್ಟ ದಿನಗಳ) ಹೊರಗೆ ಆಟಗಾರರನ್ನು ಬಿಟ್ಟುಕೊಡುವುದು ಕ್ಲಬ್‌ಗಳಿಗೆ ಕಡ್ಡಾಯವಲ್ಲ, ಆದ್ದರಿಂದ ಈ ಒಪ್ಪಂದ ಋತುವಿನ ಆರಂಭದಲ್ಲೇ ಲಿಖಿತವಾಗಿ ಆಗಬೇಕು. ಎಷ್ಟು ದಿನ, ವೇತನ ಯಾರದು, ಗಾಯವಾದರೆ ವಿಮೆ ಯಾರದು, ಈ ಮೂರಕ್ಕೂ ಉತ್ತರ ಅದರಲ್ಲಿರಲಿ. ತಂಡ ಟೂರ್ನಿಯ ಊರಿಗೆ ಕನಿಷ್ಠ ಐದು ದಿನ ಮೊದಲು ತಲುಪಬೇಕು, ಸಮಯದ ವ್ಯತ್ಯಾಸ ಹೆಚ್ಚಿದ್ದರೆ ಗಂಟೆಗೊಂದು ದಿನದಂತೆ.

ವಯಸ್ಸಿನ ವಿಷಯಕ್ಕೆ ಬರುತ್ತೇವೆ. ಇದನ್ನು ಮೆಲುದನಿಯಲ್ಲಿ ಹೇಳುವ ಕಾಲ ಮುಗಿದಿದೆ. 17 ವರ್ಷದೊಳಗಿನವರ ಟೂರ್ನಿಗಳಲ್ಲಿ ಮಣಿಕಟ್ಟಿನ ಎಂಆರ್‌ಐ ನೋಡುತ್ತಾರೆ; ಫಿಫಾ 2009ರಿಂದ ಇದನ್ನು ಬಳಸುತ್ತಿದೆ. ಮುಂಗೈ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿ ಎಷ್ಟು ಬೆಸೆದಿದೆ ಎಂಬುದಕ್ಕೆ ಆರು ಹಂತಗಳಿವೆ. ಆರನೆಯದು, ಅಂದರೆ ಪೂರ್ತಿ ಬೆಸುಗೆ ಕಂಡರೆ ಹುಡುಗ ಆಡುವಂತಿಲ್ಲ. ದೇಶೀಯ ಮಟ್ಟದಲ್ಲಿ ಎಕ್ಸ್‌ರೇ ಆಧಾರದ ಮೂಳೆವಯಸ್ಸಿನ ಪರೀಕ್ಷೆ ಬಳಕೆಯಲ್ಲಿದೆ. ಎರಡೂ ಬೇರೆ ಬೇರೆ ವಿಧಾನ, ಒಂದರಲ್ಲಿ ಪಾಸಾದವನು ಇನ್ನೊಂದರಲ್ಲಿ ಬೀಳಬಹುದು. ಎಂಆರ್‌ಐಯನ್ನು ಟೂರ್ನಿ ಹತ್ತಿರ ಬಂದಾಗ ಮಾಡಿದರೆ ವರ್ಷವಿಡೀ ಕಟ್ಟಿದ ರಕ್ಷಣಾ ಸಾಲಿನಿಂದ ಒಬ್ಬ ಸೆಂಟರ್‌ಬ್ಯಾಕ್ ಕಳಚಿ ಬೀಳುತ್ತಾನೆ, ಅವನ ಜಾಗಕ್ಕೆ ಬರುವವನು ಪಕ್ಕದವನ ಜೊತೆ ಹತ್ತು ಪಂದ್ಯವೂ ಆಡಿರುವುದಿಲ್ಲ. ಸಂಭಾವ್ಯರ ಪಟ್ಟಿ 60 ಜನರದ್ದಾಗಿದ್ದಾಗಲೇ ಎಂಆರ್‌ಐ ಮಾಡಿಸಿ. ವಿಕಿರಣದ ಭಯವಿಲ್ಲ. ಚಿತ್ರಗಳನ್ನು ಇಬ್ಬರು ರೇಡಿಯಾಲಜಿಸ್ಟ್‌ಗಳು ಪರಸ್ಪರ ಕೇಳದೆ ಓದಲಿ. ಅಪರೂಪಕ್ಕೆ ನಿಜವಾಗಿಯೂ ಹದಿನಾರರ ಹುಡುಗನ ಮೂಳೆ ಬೇಗ ಬೆಸೆದಿರುತ್ತದೆ. ಅವನನ್ನು ಮೋಸಗಾರ ಎನ್ನದೆ 20 ವರ್ಷದೊಳಗಿನ ತಂಡದ ದಾರಿಗೆ ಹಚ್ಚಬೇಕು.

ಆದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನು ಈ ಕಥೆಯ ಅರ್ಧ ಮಾತ್ರ. ಇನ್ನರ್ಧ, ಅವನಿಂದಾಗಿ ಹದಿಮೂರರಲ್ಲೇ ಹೊರಬಿದ್ದ ಚಿಕ್ಕ ಮೈಯ ಹುಡುಗ. ಆಯ್ಕೆ ಶಿಬಿರದಲ್ಲಿ ಎತ್ತರ, ವೇಗ ಇರುವವರು ಮೊದಲು ಕಣ್ಣಿಗೆ ಬೀಳುತ್ತಾರೆ. ಜನವರಿ, ಫೆಬ್ರುವರಿ, ಮಾರ್ಚ್‌ನಲ್ಲಿ ಹುಟ್ಟಿದವರಿಗೆ ಲಾಭ, ನವೆಂಬರ್–ಡಿಸೆಂಬರ್‌ನವರಿಗೆ ನಷ್ಟ. ಇದು ಜಗತ್ತಿನ ಎಲ್ಲೆಡೆ ಕಂಡ ಸಂಗತಿ. ಬೇಗ ಬೆಳೆದವನ ದೇಹಬಲದ ಲಾಭ ಹದಿನಾರರ ಹೊತ್ತಿಗೆ ಕರಗುತ್ತದೆ, ಸರಿಯಾಗಿ ಅರ್ಹತಾ ಸುತ್ತು ಆಡುವ ವಯಸ್ಸಿನಲ್ಲಿ. ಅಷ್ಟರಲ್ಲಿ ಚೆಂಡಿನ ಮೇಲೆ ಹಿಡಿತವಿದ್ದ ಚಿಕ್ಕವನು ಆಟವನ್ನೇ ಬಿಟ್ಟಿರುತ್ತಾನೆ. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರಗಳಲ್ಲಿ ಮೂರು ತಿಂಗಳಿಗೊಮ್ಮೆ ನಿಂತ ಎತ್ತರ, ಕೂತ ಎತ್ತರ, ತೂಕ ಅಳೆದು ಬರೆದಿಡಿ. ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಗುಂಪು ಮಾಡಿ ವರ್ಷಕ್ಕೆ ಕೆಲವು ಪಂದ್ಯವಾದರೂ ಆಡಿಸಿ. ಅದೇ ಅಳತೆ ಇನ್ನೊಂದು ಕೆಲಸಕ್ಕೂ ಬರುತ್ತದೆ: ಹುಡುಗ ದಿಢೀರನೆ ಎತ್ತರವಾಗುತ್ತಿರುವ ತಿಂಗಳುಗಳಲ್ಲಿ ಮೊಣಕಾಲ ಕೆಳಗೆ, ಹಿಮ್ಮಡಿಯಲ್ಲಿ ನೋವು ಸಾಮಾನ್ಯ; ಆಗ ಜಿಗಿತ, ಓಟದ ಹೊರೆ ಇಳಿಸದಿದ್ದರೆ ಒಂದು ಋತುವೇ ಹೋಗುತ್ತದೆ. ಗಾಯ ತಡೆಯಲೆಂದೇ ರೂಪಿಸಿದ ಫಿಫಾ 11+ ವಾರ್ಮ್‌ಅಪ್‌ಗೆ ಬೇಕಾಗುವುದು 20 ನಿಮಿಷ, ಸಲಕರಣೆ ಎಂದರೆ ಕೋನ್ ಮತ್ತು ಚೆಂಡು. ಅದನ್ನು ಎಲ್ಲ ಕೇಂದ್ರಗಳಲ್ಲೂ ಕಡ್ಡಾಯ ಮಾಡಲು ಒಂದು ಸುತ್ತೋಲೆ ಸಾಕು.

ಟೂರ್ನಿಯ ದಿನಗಳ ಬಗ್ಗೆಯೂ ಹೇಳಬೇಕು. ಲಾವೋಸ್, ಥಾಯ್ಲೆಂಡ್ ಎರಡರಲ್ಲೂ ಐದು ದಿನಕ್ಕೆ ಮೂರು ಪಂದ್ಯ, ನಡುವೆ ಒಂದೊಂದೇ ದಿನ ಬಿಡುವು. ಅಹಮದಾಬಾದ್‌ನಲ್ಲಿ ಒಂಬತ್ತು ದಿನಕ್ಕೆ ನಾಲ್ಕು, ಲೆಬನಾನ್ ಪಂದ್ಯಕ್ಕೂ ಇರಾನ್ ಪಂದ್ಯಕ್ಕೂ ಮಧ್ಯೆ ಒಂದೇ ದಿನ. ಇಂಥ ವೇಳಾಪಟ್ಟಿಯಲ್ಲಿ ಗೆಲ್ಲುವುದು ಹನ್ನೊಂದು ಜನರಲ್ಲ, ಹದಿನಾರು ಹದಿನೇಳು ಜನ. ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಬೀಳಬೇಕು: ಮೊದಲ ನಾಲ್ಕು ಗಂಟೆ, ಗಂಟೆಗೆ ದೇಹದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂ ಕಾರ್ಬೋಹೈಡ್ರೇಟ್, 60 ಕಿಲೋ ಹುಡುಗನಿಗೆ 60 ಗ್ರಾಂ, ಜೊತೆಗೆ 20 ಗ್ರಾಂನಷ್ಟು ಪ್ರೋಟೀನ್. ರಾತ್ರಿ ಒಂಬತ್ತು ತಾಸು ನಿದ್ದೆ. ಇದಕ್ಕೆ ತಂಡದ ಜೊತೆ ಒಬ್ಬ ಆಹಾರತಜ್ಞ, ಇಬ್ಬರು ಫಿಸಿಯೊ ಹೋಗಲೇಬೇಕು. ಮಂಜೂರಾತಿಯಲ್ಲಿ ಮೊದಲು ಕತ್ತರಿ ಬೀಳುವ ಸಾಲು ಇದಾಗಬಾರದು. ದಿನ ಬಿಟ್ಟು ದಿನ ಆಡುವ ನಾಲ್ಕು ತಂಡಗಳ ಟೂರ್ನಿಯನ್ನು ವರ್ಷಕ್ಕೆ ಎರಡು ಸಲ ನಮ್ಮಲ್ಲೇ ನಡೆಸಿದರೆ, ಯಾರ ಕಾಲು ಮೂರನೇ ಪಂದ್ಯದಲ್ಲೂ ಓಡುತ್ತದೆ ಎಂಬುದು ವಿಮಾನ ಹತ್ತುವ ಮೊದಲೇ ತಿಳಿಯುತ್ತದೆ.

ಇನ್ನು ಕಾಗದಪತ್ರ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲಿ ಹೆಸರಿನ ಒಂದಕ್ಷರ ಬೇರೆಯಾದರೂ ಪಾಸ್‌ಪೋರ್ಟ್ ನಿಲ್ಲುತ್ತದೆ. ಅಪ್ರಾಪ್ತರಿಗೆ ತಂದೆತಾಯಿಯರ ಒಪ್ಪಿಗೆಯೂ ಬೇಕು. ಸಂಭಾವ್ಯರ ಪಟ್ಟಿ ಪ್ರಕಟವಾದ ವಾರವೇ ಈ ಕೆಲಸಕ್ಕೆ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ. ಪರೀಕ್ಷೆಯ ವಿಷಯದಲ್ಲಿ, ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೋಗುವ ಮಕ್ಕಳಿಗೆ ಸಿಬಿಎಸ್‌ಇ ಬೇರೆ ದಿನ ಪರೀಕ್ಷೆ ಬರೆಯುವ ಅವಕಾಶ ಕೊಟ್ಟಿದೆ. ನಮ್ಮ ಎಸ್‌ಎಸ್‌ಎಲ್‌ಸಿ ಹುಡುಗನಿಗೂ, ಮಣಿಪುರದ ಹತ್ತನೇ ತರಗತಿಯವನಿಗೂ ಅದೇ ಸೌಲಭ್ಯ ಸಿಗುವಂತೆ ರಾಜ್ಯ ಮಂಡಳಿಗಳಿಗೆ ನೀವು ಬರೆಯಬೇಕು, ಶಿಬಿರದ ದಿನಗಳನ್ನೂ ಹಾಜರಾತಿಗೆ ಸೇರಿಸಬೇಕು.

ಇಷ್ಟೆಲ್ಲ ಆದರೂ ಇರಾನ್ ನಮ್ಮನ್ನು ಸೋಲಿಸಬಹುದು. ಅವರು ಒಳ್ಳೆಯ ತಂಡ. ಕನಿಷ್ಠ ಸಮಬಲದ ಸಿದ್ಧತೆಯಿಂದ ಸೋತೆವು ಎನ್ನುವ ಸ್ಥಿತಿಯಾದರೂ ಬರಲಿ. 2010ರ ತಂಡದ ಸಂಭಾವ್ಯರ ಎಂಆರ್‌ಐ ಯಾವ ತಿಂಗಳು, ಮೊದಲ ವಿದೇಶಿ ಪ್ರವಾಸ ಯಾವ ದೇಶಕ್ಕೆ, ಅದರ ಹಣ ಯಾವ ದಿನಾಂಕಕ್ಕೆ ಬಿಡುಗಡೆ ಎಂಬ ಮೂರು ಪ್ರಶ್ನೆಗಳಿಗೆ ಸಚಿವಾಲಯ ಬಹಿರಂಗವಾಗಿಯೇ ಉತ್ತರ ಕೊಡಬೇಕೆಂದು ಕೋರುತ್ತೇವೆ.

ವಿಶ್ವಾಸಪೂರ್ವಕವಾಗಿ,
ವಯೋಮಿತಿ ತಂಡಗಳ ತರಬೇತುದಾರರು ಮತ್ತು ಫಿಸಿಯೊಗಳ ಬಳಗ
ಬೆಂಗಳೂರು