ರೋಗವೂ ನಿಜ, ನಿನ್ನ ಸಿಟ್ಟೂ ನಿಜ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕೊರೋನಾ ಕಾಲದ ಲಾಕ್‌ಡೌನ್, ಕಡ್ಡಾಯಗಳ ಬಗ್ಗೆ ನೀನು ಬರೆದು ಕಳಿಸಿದ ಪ್ರಬಂಧ ಓದಿದೆ. ಅದಕ್ಕೆ ನಿನ್ನ ಅಕ್ಕ ಮನೆಯವರ ಗ್ರೂಪಿನಲ್ಲಿ ಬರೆದ ಉತ್ತರವನ್ನೂ ಓದಿದೆ. ಆಮೇಲೆ ನೀವಿಬ್ಬರೂ ಮಾತು ಬಿಟ್ಟಿದ್ದೀರಂತೆ. ನಿಮ್ಮಮ್ಮ ಹೇಳಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ಇಷ್ಟು ವರ್ಷ ಕಳೆದರೂ ಲಾಕ್‌ಡೌನ್ ಮಾತು ಬಂದರೆ ಸಾಕು, ನಿನ್ನೆ ಮೊನ್ನೆ ನಡೆದದ್ದೇನೋ ಎಂಬಂತೆ ಜನ ಕಿತ್ತಾಡುತ್ತಾರೆ. ಆ ದಿನಗಳಲ್ಲಿ ಅವಳು ಐಸಿಯುನಲ್ಲಿ ಪಿಪಿಇ ಕಿಟ್ ಒಳಗೆ ಬೆವರುತ್ತಿದ್ದಳು. ನೀನು ಶಾಲೆಯ ಕೊನೆಯ ವರ್ಷವನ್ನು ಮೊಬೈಲ್ ಪರದೆ ನೋಡುತ್ತಾ ಒಬ್ಬನೇ ಮುಗಿಸಿದೆ. ಯಾರು ಜಾಸ್ತಿ ಕಳೆದುಕೊಂಡರು ಎಂಬ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಆ ಲೆಕ್ಕ ಶುರುವಾದರೆ ಮುಗಿಯುವುದಿಲ್ಲ.

ನೀನು ಕಾನೂನು ಓದುವವನು, ನಾನು ಇತಿಹಾಸ ಪಾಠ ಮಾಡಿದವಳು. ನನ್ನ ಹತ್ತಿರ ಇರುವ ಬಂಡವಾಳ ಎಂದರೆ ಹಳೆಯ ಜಗಳಗಳು ಮಾತ್ರ. ಅದರಲ್ಲೇ ಸ್ವಲ್ಪ ಹೇಳುತ್ತೇನೆ, ಕೇಳು.

ಮೊದಲು ನಿನ್ನ ಪ್ರಬಂಧದ ವಿಷಯ. ಮೊದಲ ಎರಡು ಪುಟ ಚೆನ್ನಾಗಿವೆ. ಜನರನ್ನು ಮನೆಯಲ್ಲಿ ಕೂಡಿಹಾಕುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು, ಎಷ್ಟು ದಿನಕ್ಕೆ ಬಂತು, ಯಾರನ್ನು ಕೇಳಿ ಬಂತು ಎಂದು ಕೇಳಿದ್ದೀಯ. ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮೂರನೇ ಪುಟಕ್ಕೆ ಬರುವಾಗ ಮೆಲ್ಲಗೆ ಜಾರಿ, ಇದು ಬರೀ ನೆಗಡಿ ಜ್ವರ, ಸುಮ್ನೆ ದೊಡ್ಡದು ಮಾಡಿದರು ಎಂದುಬಿಟ್ಟಿದ್ದೀಯ. ಅಲ್ಲಿಗೆ ಯಾಕೆ ಹೋದೆ ಗೊತ್ತಾ? ರೋಗವೇ ದೊಡ್ಡದಲ್ಲ ಎಂದರೆ ನಿನ್ನ ವಾದ ಸುಲಭವಾಗುತ್ತದೆ. ವಾದ ಮಾಡುವ ಕಷ್ಟವೇ ಉಳಿಯುವುದಿಲ್ಲ. ನಿನ್ನ ಅಕ್ಕನೂ ಅದೇ ಮಾಡಿದ್ದಾಳೆ, ದಿಕ್ಕು ಬೇರೆ ಅಷ್ಟೆ. ರೋಗ ಅಷ್ಟು ಭೀಕರವಾಗಿತ್ತು, ಆದ್ದರಿಂದ ಮಾಡಿದ್ದೆಲ್ಲ ಸರಿ, ಪ್ರಶ್ನೆ ಕೇಳಿದವರಿಗೆ ಹೃದಯವಿಲ್ಲ ಎಂದಿದ್ದಾಳೆ. ರೋಗ ನಿಜ ಎಂದ ಮಾತ್ರಕ್ಕೆ ಪ್ರತಿಯೊಂದು ನಿಯಮವೂ ಸರಿಯಾಗಿಬಿಡುವುದಿಲ್ಲ. ನಿಯಮ ತಪ್ಪಾಗಿತ್ತು ಎಂದ ಮಾತ್ರಕ್ಕೆ ರೋಗವೂ ಸುಳ್ಳಾಗುವುದಿಲ್ಲ. ಇದು ಹೇಳಲು ಸುಲಭ, ಜಗಳದ ಬಿಸಿಯಲ್ಲಿ ನೆನಪಿಡುವುದು ಕಷ್ಟ.

ಒಂದು ಹಳೆಯ ಜಗಳ ಕೇಳು. 1900ರ ಮಾರ್ಚಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಪ್ಲೇಗಿನ ಮೊದಲ ಸಾವು ಕಂಡಿತು. ನಗರಾಡಳಿತ ಆ ಬಡಾವಣೆಗೆ ದಿಗ್ಬಂಧನ ಹಾಕಿತು. ಗೆರೆ ಎಳೆದ ರೀತಿ ನೋಡು. ಚೀನೀಯರ ಮನೆಗಳು ಗೆರೆಯ ಒಳಗೆ. ಪಕ್ಕದಲ್ಲೇ ಇದ್ದ ಬಿಳಿಯರ ಮನೆ, ಅಂಗಡಿಗಳು ಗೆರೆಯ ಹೊರಗೆ. ಜ್ಯೂ ಹೋ ಎಂಬ ದಿನಸಿ ವ್ಯಾಪಾರಿ ಕೋರ್ಟಿಗೆ ಹೋದ. ಒಂದು ಜನಾಂಗವನ್ನೇ ಗುರಿ ಮಾಡಿದ ಈ ಕ್ರಮ ನಿಲ್ಲುವುದಿಲ್ಲ, ಸಾವಿರಾರು ಜನರನ್ನು ಒಟ್ಟಿಗೆ ಕೂಡಿಹಾಕಿದರೆ ರೋಗ ಹರಡುವ ಅಪಾಯವೇ ಹೆಚ್ಚು ಎಂದು ಫೆಡರಲ್ ನ್ಯಾಯಾಲಯ ಅದೇ ವರ್ಷ ದಿಗ್ಬಂಧನವನ್ನು ಕಿತ್ತುಹಾಕಿತು. ಇಷ್ಟು ಓದಿ ನೀನು ಚಪ್ಪಾಳೆ ತಟ್ಟುತ್ತೀಯ, ಅಲ್ವಾ? ತಾಳು. ಅದೇ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ಪ್ಲೇಗೇ ಇಲ್ಲ ಎಂದು ಸಾಧಿಸುತ್ತಿದ್ದ. ಸುದ್ದಿ ಹಬ್ಬಿದರೆ ವ್ಯಾಪಾರ ಕೆಡುತ್ತದೆ ಎಂಬ ಭಯ. ಅಲ್ಲಿನ ಪ್ಲೇಗನ್ನು ಪ್ರಯೋಗಾಲಯದಲ್ಲಿ ಪತ್ತೆ ಮಾಡಿದ ಜೋಸೆಫ್ ಕಿನ್ಯೂನ್ ಎಂಬ ವೈದ್ಯನನ್ನು ಪತ್ರಿಕೆಗಳು ಲೇವಡಿ ಮಾಡಿದವು. ಮರುವರ್ಷ ಅವನನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ಅವನೇನೂ ಸಂತನಲ್ಲ, ಚೀನೀಯರ ಮೇಲೆ ಕಠಿಣ ಕ್ರಮಕ್ಕೆ ಒತ್ತಾಯಿಸಿದವರಲ್ಲಿ ಅವನೂ ಒಬ್ಬ. ಆದರೆ ಪ್ಲೇಗ್ ಇದೆ ಎಂದು ಅವನು ಹೇಳಿದ್ದು ನಿಜವಾಗಿತ್ತು. 1904ರ ಹೊತ್ತಿಗೆ ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಈ ಕಥೆಯಲ್ಲಿ ನೀನು ಯಾರ ಪಕ್ಷ? ನನಗೆ ಕೇಳಿದರೆ, ಜ್ಯೂ ಹೋ ಪರ ತೀರ್ಪು ಕೊಟ್ಟ ನ್ಯಾಯಾಲಯದ ಪಕ್ಷವೂ ಹೌದು, ರೋಗ ಇದೆ ಎಂದು ಹೇಳಿದ ಪ್ರಯೋಗಾಲಯದ ಪಕ್ಷವೂ ಹೌದು. ಅದರಲ್ಲಿ ಇಬ್ಬಂದಿತನ ಏನೂ ಇಲ್ಲ.

ಇನ್ನು ನಿನ್ನ ಇನ್ನೊಂದು ಮಾತು. ಕಾಯಿಲೆ ಇದ್ದವರು ಮನೆಯಲ್ಲಿರಲಿ, ಉಳಿದವರನ್ನು ಬಿಟ್ಟುಬಿಡಿ ಎಂದಿದ್ದೀಯ. 2003ರಲ್ಲಿ ಹಬ್ಬಿದ ಸಾರ್ಸ್ ಎಂಬ ಉಸಿರಾಟದ ರೋಗಕ್ಕೆ ಈ ಮಾತು ಹೊಂದುತ್ತಿತ್ತು. ಅದು ಜ್ವರ ಬಂದು ಕೆಲವು ದಿನ ಆದ ಮೇಲೆ ಜಾಸ್ತಿ ಹರಡುತ್ತಿತ್ತು. ಹಾಗಾಗಿ ರೋಗಿಗಳನ್ನು, ಅವರ ಹತ್ತಿರ ಇದ್ದವರನ್ನು ಹುಡುಕಿ ಬೇರೆ ಇಟ್ಟು, ಅದೇ ವರ್ಷ ಜುಲೈ ಹೊತ್ತಿಗೆ ತಡೆದರು. ಕೊರೋನಾ ಅದರ ಸಂಬಂಧಿಯೇ ಆದರೂ ಗುಣ ಬೇರೆ. ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಮನುಷ್ಯ ಅದನ್ನು ಹರಡುತ್ತಿದ್ದ. ಕೆಲವರಿಗೆ ಲಕ್ಷಣ ಬರುತ್ತಲೇ ಇರಲಿಲ್ಲ. ಯಾರು ರೋಗಿ ಎಂದು ರೋಗಿಗೇ ಗೊತ್ತಿಲ್ಲದಾಗ, ರೋಗಿಗಳು ಮಾತ್ರ ಮನೆಯಲ್ಲಿರಲಿ ಎಂದರೆ ಯಾರಿಗೆ ಹೇಳಿದ ಹಾಗಾಯಿತು? 2020ರ ಆರಂಭದಲ್ಲಿ ಲಸಿಕೆಯೂ ಇರಲಿಲ್ಲ, ಬೇಕಾದಷ್ಟು ಪರೀಕ್ಷೆಯೂ ಇರಲಿಲ್ಲ. ಲಾಕ್‌ಡೌನ್ ಸರಿಯೋ ತಪ್ಪೋ ಎನ್ನುವ ಮೊದಲು ಈ ಕಷ್ಟವನ್ನು ಒಂದು ಪ್ಯಾರಾದಲ್ಲಾದರೂ ಬರೆ. ಬರೆಯದೆ ಹೋದರೆ ನಿನ್ನ ಅಕ್ಕನಂಥ ಓದುಗರು ಅಲ್ಲೇ ಪುಟ ಮುಚ್ಚುತ್ತಾರೆ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನ ಮಾತು ಎತ್ತಿದ್ದೀಯ, ಸಂತೋಷ. ಇನ್ನೊಬ್ಬರಿಗೆ ಆಗುವ ಹಾನಿ ತಡೆಯುವುದಕ್ಕೆ ಮಾತ್ರ ಒಬ್ಬನ ಮೇಲೆ ಬಲ ಬಳಸಬಹುದು ಎಂಬುದು 1859ರಲ್ಲಿ ಅವನು ಮಂಡಿಸಿದ ವಾದ. ಆದರೆ ಹಾನಿ ಆಗುತ್ತದೋ ಇಲ್ಲವೋ ಎಂಬುದು ತತ್ವ ಓದಿದರೆ ತಿಳಿಯುವುದಿಲ್ಲ. ಆ ವೈರಸ್ ಹೇಗೆ ಹರಡುತ್ತದೆ ಎಂದು ನೋಡಬೇಕು. ಅದೂ ದಿನದಿನಕ್ಕೆ ಬದಲಾಗುತ್ತದೆ. ಲಸಿಕೆಯ ಉದಾಹರಣೆಯನ್ನೇ ತೆಗೆದುಕೋ. 2021ರ ಮೊದಲ ತಿಂಗಳುಗಳಲ್ಲಿ, ಲಸಿಕೆ ಹಾಕಿಸಿಕೊಂಡವರಿಂದ ಸೋಂಕು ಹರಡುವುದು ತುಂಬಾ ಕಡಿಮೆಯಾಗುತ್ತದೆ ಎಂದು ನಂಬಲು ಒಳ್ಳೆಯ ಕಾರಣಗಳಿದ್ದವು. ಆಮೇಲೆ ವೈರಸ್ಸಿನ ಡೆಲ್ಟಾ ತಳಿ ಬಂತು, ವರ್ಷದ ಕೊನೆಗೆ ಓಮಿಕ್ರಾನ್ ತಳಿ ಬಂತು. ಹರಡುವುದನ್ನು ತಡೆಯುವ ಶಕ್ತಿ ಕುಗ್ಗಿತು. ಆದರೆ ಹಾಕಿಸಿಕೊಂಡವರನ್ನು ಆಸ್ಪತ್ರೆಯಿಂದ, ಸಾವಿನಿಂದ ಕಾಯುವ ಶಕ್ತಿ ಬಹುಮಟ್ಟಿಗೆ ಉಳಿಯಿತು. ಹಾಗಾದರೆ ಲಸಿಕೆ ಹಾಕಿಸಿಕೋ ಎಂದು ಹೇಳುವುದಕ್ಕೆ ಇದ್ದ ಕಾರಣ ಗಟ್ಟಿಯಾಗಿಯೇ ಇತ್ತು. ಹಾಕಿಸಿಕೊಳ್ಳದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎನ್ನುವುದಕ್ಕೆ ಇದ್ದ ಕಾರಣ ಸಡಿಲವಾಯಿತು. ಎಷ್ಟೋ ಕಡೆ ಸರ್ಕಾರಗಳು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಲಿಲ್ಲ. ವಿರೋಧಿಸಿದವರೂ ಹೇಳಲಿಲ್ಲ, ಅವರು ಲಸಿಕೆಯೇ ಮೋಸ ಎಂದರು. ನನಗೆ ಇಬ್ಬರ ಮೇಲೂ ಬೇಸರವಿದೆ, ಸತ್ಯ ಹೇಳಬೇಕೆಂದರೆ ಮೊದಲನೆಯವರ ಮೇಲೆ ಸ್ವಲ್ಪ ಜಾಸ್ತಿ. ಅಧಿಕಾರ ಇರುವವರು ಮಾತು ಬದಲಿಸುವಾಗ ಯಾಕೆ ಬದಲಿಸಿದೆವು ಎಂದು ಹೇಳಲೇಬೇಕು. ಮಾಸ್ಕ್ ವಿಷಯದಲ್ಲೂ ಹಾಗೇ ಆಯಿತು. ಮೊದಲು ಎಲ್ಲರಿಗೂ ಬೇಕಿಲ್ಲ ಎಂದರು. 2020ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿತು. ಬದಲಿಸಿದ್ದು ತಪ್ಪಲ್ಲ. ಆದರೆ ಮೊದಲ ಮಾತನ್ನು ಅಷ್ಟು ಖಚಿತವಾಗಿ ಆಡಬಾರದಿತ್ತು.

ಅಕ್ಕ ನಿನಗೆ ಜೇಕಬ್ಸನ್ ತೀರ್ಪು ಓದು ಎಂದಿದ್ದಾಳೆ. ಡಾಕ್ಟರು ಕಾನೂನು ಹುಡುಕಿಕೊಂಡು ಓದಿದ್ದು ನೋಡಿ ನನಗೆ ನಗು ಬಂತು, ಮೆಚ್ಚುಗೆಯೂ ಆಯಿತು. ಹೆನಿಂಗ್ ಜೇಕಬ್ಸನ್ ಎಂಬ ಪಾದ್ರಿ ಸಿಡುಬಿನ ಲಸಿಕೆ ಬೇಡ ಎಂದ, ಐದು ಡಾಲರ್ ದಂಡ ಬಿತ್ತು, 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರಿ. ಆದರೆ 1927ರಲ್ಲಿ ಕ್ಯಾರಿ ಬಕ್ ಎಂಬ ಹುಡುಗಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಕೊಟ್ಟಾಗ ಅದೇ ಕೋರ್ಟ್ ಯಾವ ಹಳೆಯ ತೀರ್ಪನ್ನು ಆಧಾರ ಮಾಡಿಕೊಂಡಿತು? ಜೇಕಬ್ಸನ್ ತೀರ್ಪನ್ನೇ. ಇದನ್ನು ಅವಳಿಗೆ ತೋರಿಸು, ಗೆಲ್ಲುವ ಧಾಟಿಯಲ್ಲಿ ಬೇಡ. ಸಾರ್ವಜನಿಕ ಹಿತ ಎಂದು ಕೊಟ್ಟ ಅಧಿಕಾರ ಕೊಟ್ಟ ಕಡೆಯೇ ನಿಲ್ಲುವುದಿಲ್ಲ ಎಂಬುದು ಅವಳಿಗೆ ತಕ್ಷಣ ಅರ್ಥವಾಗುತ್ತದೆ. ಅವಳೂ ಹೆಣ್ಣು. ಜೊತೆಗೆ ನೀನೂ ಜೇಕಬ್ಸನ್ ತೀರ್ಪನ್ನು ಪೂರ್ತಿ ಓದು. ಅಧಿಕಾರವನ್ನು ಮನಸ್ಸಿಗೆ ಬಂದಂತೆ ಬಳಸಿದರೆ ನ್ಯಾಯಾಲಯ ಕೈಹಾಕಬಹುದು ಎಂಬ ಮಾತೂ ಅದರೊಳಗೇ ಇದೆ.

ನಿನಗೆ ಹಿಡಿಸಬಹುದಾದ ಇನ್ನೊಂದು ತೀರ್ಪು ನ್ಯೂಜಿಲೆಂಡಿನದು. 2020ರ ಆಗಸ್ಟಿನಲ್ಲಿ ಅಲ್ಲಿನ ಹೈಕೋರ್ಟ್, ಮನೆಯಲ್ಲೇ ಇರಿ ಎಂದು ಹೇಳಿದ್ದು ಆ ಹೊತ್ತಿಗೆ ಅಗತ್ಯವಾಗಿತ್ತು, ಮಿತಿ ಮೀರಿರಲಿಲ್ಲ ಎಂದು ಒಪ್ಪಿತು. ಒಪ್ಪಿಯೂ, ಮೊದಲ ಒಂಬತ್ತು ದಿನ ಅದಕ್ಕೆ ಕಾನೂನಿನ ಬಲ ಇರಲಿಲ್ಲ, ಹಾಗಾಗಿ ಆ ದಿನಗಳ ಮಟ್ಟಿಗೆ ಅದು ಕಾನೂನುಬಾಹಿರ ಎಂದಿತು. ಎಷ್ಟು ಬಿಡಿಸಿ ನೋಡಿದ್ದಾರೆ ನೋಡು! ನೀನು ಮುಂದೆ ವಕೀಲನಾದರೆ ಹೀಗೆ ಯೋಚಿಸುವ ವಕೀಲನಾಗು.

ಸ್ವೀಡನ್ ವಿಷಯ ಬೇಗ ಮುಗಿಸುತ್ತೇನೆ. ಕಟ್ಟುನಿಟ್ಟಿನ ಲಾಕ್‌ಡೌನ್ ಹಾಕದ ದೇಶ ಎಂದು ಅದರ ಹೆಸರು ಹೇಳುವಾಗ ಎಲ್ಲರೂ ಅರ್ಧ ಸ್ವೀಡನ್ನನ್ನು ಮಾತ್ರ ಹೇಳುತ್ತಾರೆ. 2020ರಲ್ಲಿ ಪಕ್ಕದ ನಾರ್ವೆ, ಫಿನ್‌ಲೆಂಡುಗಳಿಗಿಂತ ಅಲ್ಲಿ ಸಾವು ತುಂಬಾ ಜಾಸ್ತಿ ಆಯಿತು, ಅದರಲ್ಲೂ ವೃದ್ಧರ ಆರೈಕೆ ಕೇಂದ್ರಗಳಲ್ಲಿ. ನಂತರದ ವರ್ಷಗಳನ್ನೂ ಸೇರಿಸಿ ನೋಡಿದರೆ ಅಲ್ಲಿನ ಹೆಚ್ಚುವರಿ ಸಾವು (ಮಾಮೂಲಿ ವರ್ಷಗಳಿಗಿಂತ ಹೆಚ್ಚಾಗಿ ಸತ್ತವರ ಲೆಕ್ಕ) ಯೂರೋಪಿನಲ್ಲೇ ಕಡಿಮೆ ಇರುವ ಕಡೆಗಳ ಸಾಲಿಗೆ ಬರುತ್ತದೆ. ಅಲ್ಲಿ ಏನೂ ಮಾಡಲೇ ಇಲ್ಲ ಎಂಬುದೂ ಸುಳ್ಳು. ದೊಡ್ಡ ಸಭೆಗಳನ್ನು ನಿಲ್ಲಿಸಿದ್ದರು, ಮೇಲಿನ ತರಗತಿಗಳನ್ನು ಆನ್‌ಲೈನ್ ಮಾಡಿದ್ದರು. ಚಿಕ್ಕ ಮಕ್ಕಳ ಶಾಲೆಗಳನ್ನು ಮಾತ್ರ ತೆರೆದೇ ಇಟ್ಟರು. ಈ ಕೊನೆಯ ವಿಷಯದಲ್ಲಿ ನಾನು ಪೂರ್ತಿ ನಿನ್ನ ಕಡೆ. 2020ರ ಏಪ್ರಿಲ್ ಹೊತ್ತಿಗೆ ಲೋಕದಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳಿಗೆ ಶಾಲೆ, ಕಾಲೇಜು ಮುಚ್ಚಿತ್ತು. ಮೊದಲ ಕೆಲವು ವಾರ ಏನೂ ತಿಳಿಯದಾಗ ಮುಚ್ಚಿದ್ದು ಒಪ್ಪಬಹುದು. ಎಷ್ಟೋ ದೇಶಗಳಲ್ಲಿ ಹೋಟೆಲು, ಮಾಲುಗಳು ತೆರೆದ ಮೇಲೂ ಶಾಲೆ ಮುಚ್ಚಿಯೇ ಇತ್ತಲ್ಲ, ಅದು ಮೇಷ್ಟರಾಗಿದ್ದ ನನಗೆ ಇಂದಿಗೂ ಅರಗುವುದಿಲ್ಲ. ಮಕ್ಕಳಿಗೆ ಓಟಿಲ್ಲ, ಅಷ್ಟೇ ಕಾರಣ ಎಂದು ನನಗನ್ನಿಸುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಎಚ್ಚರಿಕೆಗೆ ಒಂದು ಬೆಲೆ ಇದೆ. ಸ್ವಾತಂತ್ರ್ಯಕ್ಕೂ ಇದೆ. ಆ ಬೆಲೆ ಯಾರ ತಲೆ ಮೇಲೆ ಬೀಳುತ್ತದೆ ಎಂದು ಕೇಳದೆ ಎರಡರ ಪರವಾಗಿಯೂ ಮಾತಾಡಬೇಡ. ಮನೆಯಲ್ಲೇ ಇರಿ ಎಂದು ಹೇಳಿದವರಲ್ಲಿ ಜಾಸ್ತಿ ಜನ ಮನೆಯಿಂದಲೇ ಕೆಲಸ ಮಾಡಬಲ್ಲವರು. ಅವರಿಗೆ ಸಂಬಳ ಬರುತ್ತಿತ್ತು. ದಿನಗೂಲಿಯವನಿಗೆ ಮನೆಯಲ್ಲಿರುವುದು ಎಂದರೆ ಉಪವಾಸ. ಹಾಗೆಯೇ, ನನ್ನ ಪಾಡಿಗೆ ನನ್ನನ್ನು ಬಿಡಿ ಎಂದವರಲ್ಲಿ ಜಾಸ್ತಿ ಜನ ಗಟ್ಟಿ ಮೈಯವರು. ಕಿಡ್ನಿ ಬದಲಿಸಿಕೊಂಡವನಿಗೆ, ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹೋಗಲೇಬೇಕಾದವಳಿಗೆ ಆ ಸ್ವಾತಂತ್ರ್ಯದಲ್ಲಿ ಪಾಲೆಷ್ಟು?

ಇದನ್ನು ಬಹಳ ಹಿಂದೆಯೇ ಯೋಚಿಸಿದ ಒಂದು ಊರಿದೆ, ಇಂಗ್ಲೆಂಡಿನ ಲೆಸ್ಟರ್. ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸುವುದನ್ನು ಇಂಗ್ಲೆಂಡ್ 1853ರಲ್ಲಿ ಕಡ್ಡಾಯ ಮಾಡಿತು. ಒಪ್ಪದವರಿಗೆ ದಂಡ, ಕಟ್ಟದಿದ್ದರೆ ಜೈಲು. 1885ರಲ್ಲಿ ಲೆಸ್ಟರಿನಲ್ಲಿ ಸಾವಿರಾರು ಜನ ಅದರ ವಿರುದ್ಧ ಮೆರವಣಿಗೆ ಮಾಡಿದರು. ಲಸಿಕೆಯ ಬಗ್ಗೆ ಅವರು ಹೇಳಿದ್ದರಲ್ಲಿ ಎಷ್ಟೋ ತಪ್ಪಿತ್ತು, ಅದು ಬೇರೆ ಮಾತು. ಆದರೆ ಅವರು ಬೇಡ ಎಂದು ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಸಿಡುಬು ಕಂಡರೆ ಕೂಡಲೇ ತಿಳಿಸುವುದು, ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದು, ಮನೆಯವರನ್ನು ಕ್ವಾರಂಟೈನಿನಲ್ಲಿ ಇಡುವುದು, ಮನೆಯನ್ನು ಶುಚಿ ಮಾಡುವುದು, ಇದನ್ನೆಲ್ಲ ಊರೇ ವಹಿಸಿಕೊಂಡಿತು. ಕೆಲಸ ತಪ್ಪಿ ಹೋದ ಕೂಲಿಗೆ ಪರಿಹಾರವನ್ನೂ ಕೊಡುತ್ತಿದ್ದರು. 1898ರಲ್ಲಿ ಕಾನೂನು ಮಣಿದು, ಆತ್ಮಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಟ್ಟಿತು.

ಅದೇ ಕಾಲದ ಪುಣೆಯನ್ನು ಇದರ ಪಕ್ಕದಲ್ಲಿಡು. 1897ರಲ್ಲಿ ಪ್ಲೇಗ್ ತಡೆಯಲು ಸೈನಿಕರನ್ನು ಮನೆಗಳ ಒಳಗೇ ನುಗ್ಗಿಸಿದರು. ಜನ ರೋಗಿಗಳನ್ನು ಅಡಗಿಸತೊಡಗಿದರು. ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಬಿತ್ತು. ರೋಗವನ್ನು ಹುಡುಕಲು ಹೋದವರಿಂದಲೇ ರೋಗ ಬಚ್ಚಿಟ್ಟುಕೊಂಡಿತು.

ಆದ್ದರಿಂದ ಪುಟ್ಟಾ, ನೀನು ಕಡ್ಡಾಯದ ವಿರುದ್ಧ ಬರೆಯುವುದಾದರೆ ಬರೆ, ನಾನು ತಡೆಯುವುದಿಲ್ಲ. ಆದರೆ ಕಡ್ಡಾಯ ಇಲ್ಲದಿದ್ದರೆ ನೀನು ಏನು ಹೊರುತ್ತೀಯ ಎಂದೂ ಬರೆ. ಜ್ವರ ಬಂದ ದಿನ ಮನೆಯಲ್ಲಿರುತ್ತೀಯಾ? ಆಸ್ಪತ್ರೆಗೆ ಹೋಗುವಾಗ ಮಾಸ್ಕ್ ಹಾಕುತ್ತೀಯಾ? ಮನೆಯಲ್ಲಿದ್ದು ಕೂಲಿ ಕಳೆದುಕೊಂಡವನಿಗೆ ತೆರಿಗೆ ದುಡ್ಡಿನಿಂದ ಕೊಡಲು ಒಪ್ಪುತ್ತೀಯಾ? ನಿನ್ನ ಅಕ್ಕನಿಗೂ ನಾನು ಬೇರೆ ಕಾಗದ ಬರೆದಿದ್ದೇನೆ. ನಿರ್ಬಂಧ ಬೇಕು ಎನ್ನುವುದಾದರೆ ಅದು ಯಾವ ದಿನ ಮುಗಿಯುತ್ತದೆ, ಅದನ್ನು ಹೇರಿದವರೇ ಮುರಿದರೆ ಏನು ಶಿಕ್ಷೆ ಎಂದು ಅವಳೂ ಹೇಳಬೇಕು. ಬ್ರಿಟನ್ನಿನ ಪ್ರಧಾನಿಯೇ ತನ್ನ ಸರ್ಕಾರದ ನಿಯಮ ಮುರಿದು 2022ರಲ್ಲಿ ದಂಡ ಕಟ್ಟಿದ್ದು ಅವಳಿಗೂ ನೆನಪಿರಬೇಕು.

ಇನ್ನು ಜಗಳದ ವಿಷಯ. ಗ್ರೂಪಿನಲ್ಲಿ ಉತ್ತರ ಕೊಡಬೇಡ. ಅಲ್ಲಿ ನೋಡುವವರು ಜಾಸ್ತಿ, ಹಾಗಾಗಿ ಇಬ್ಬರೂ ಸೋಲಲು ಒಪ್ಪುವುದಿಲ್ಲ. ಮೂರನೇ ಪುಟ ತೆಗೆದು, ತಿದ್ದಿ, ಅವಳೊಬ್ಬಳಿಗೇ ಕಳಿಸು. ವೈದ್ಯಕೀಯದ ಭಾಗದಲ್ಲಿ ತಪ್ಪಿದ್ದರೆ ಗುರುತು ಹಾಕಲು ಹೇಳು. ಅವಳು ಐಸಿಯುನಲ್ಲಿ ಕಂಡದ್ದರ ಬಗ್ಗೆ ಮಾತಾಡಿದರೆ ನಡುವೆ ಬಾಯಿ ಹಾಕಬೇಡ, ಅಲ್ಲಿ ನಿನ್ನ ತೀರ್ಪುಗಳು ಯಾವುವೂ ಬೇಕಾಗಿಲ್ಲ. ನೈಟ್ ಡ್ಯೂಟಿ ಇರುವ ವಾರ ಫೋನ್ ಮಾಡಬೇಡ, ಅವಳಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ.

ತಿದ್ದಿದ ಪ್ರತಿ ನನಗೂ ಒಂದು ಕಳಿಸು. ಈ ಸಲ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.

ಇಂತಿ,
ನಿನ್ನ ದೊಡ್ಡಮ್ಮ