ಈಸ್ಟರ್ ಅಂದರೆ ಬರೀ ಚಿಗುರಲ್ಲ

ಮಾನ್ಯ ಸಂಪಾದಕರೇ,

ಈಸ್ಟರ್ ದಿನ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಪ್ರೀತಿಯಿಂದ ಬರೆದಿದ್ದರು, ಖುಷಿಯಾಯಿತು. ಆದರೆ ಒಂದು ಮಾತು ಮನಸ್ಸನ್ನು ಕೊರೆಯುತ್ತಲೇ ಇದೆ. ಯೇಸುವಿನ ಪುನರುತ್ಥಾನ, ಅಂದರೆ ಅವನು ಸತ್ತು ಮತ್ತೆ ಎದ್ದು ಬಂದದ್ದು, ಒಣಗಿದ ಮರ ಮತ್ತೆ ಚಿಗುರುವ ಹಾಗೆ, ಸೋತ ಮನುಷ್ಯ ಮತ್ತೆ ಎದ್ದು ನಿಲ್ಲಬಹುದು ಅನ್ನುವುದರ ಸಂಕೇತ ಅಂತ ಅದರಲ್ಲಿತ್ತು. ಇದೇ ಮಾತನ್ನು ನಮ್ಮ ಚರ್ಚುಗಳ ಒಳಗೂ ಎಷ್ಟೋ ಸಲ ಕೇಳಿದ್ದೇನೆ. ಹಾಗಾಗಿ ಇದು ಆ ಲೇಖಕರ ಮೇಲಿನ ದೂರಲ್ಲ. ಚರ್ಚಿನಲ್ಲಿ ಪ್ರಸಂಗ (ಉಪದೇಶ) ಮಾಡುವ ನಮ್ಮವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಾವು, ಬೇವು ಯುಗಾದಿಯ ಹೊತ್ತಿಗೆ ತಾವಾಗಿಯೇ ಚಿಗುರುತ್ತವೆ. ಪ್ರತಿ ವರ್ಷ ಚಿಗುರುತ್ತವೆ, ಅದಕ್ಕಾಗಿ ಯಾರೂ ಸಾಯಬೇಕಿಲ್ಲ. ಆದರೆ ಸತ್ತವರು ಎದ್ದು ಬರುವುದಿಲ್ಲ ಅನ್ನುವುದು ಯೇಸುವಿನ ಕಾಲದವರಿಗೂ ನಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು. ಯೇಸುವಿನ ಜೊತೆಗಿದ್ದ ಹೆಂಗಸರು ಭಾನುವಾರ ಬೆಳಗ್ಗೆ ಅವನ ಸಮಾಧಿಗೆ ಹೋದದ್ದು ಸುಗಂಧದ್ರವ್ಯ ಹಿಡಿದುಕೊಂಡು, ಹೆಣಕ್ಕೆ ಹಚ್ಚುವುದಕ್ಕೆ. ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ ತುಂಬಾ ಹಳೆಯ ಪ್ರತಿಗಳು 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಬಿಡುತ್ತವೆ. ಅಲ್ಲಿ ಆ ಹೆಂಗಸರು, ಸಮಾಧಿಯಲ್ಲಿ ಹೆಣವಿಲ್ಲದ್ದು ಕಂಡು, ನಡುಗುತ್ತಾ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಚಿಗುರು ನೋಡಿ ಯಾರಾದರೂ ಹಾಗೆ ಹೆದರುತ್ತಾರಾ?

ಮೊದಲು ಶಿಲುಬೆ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ಇವತ್ತು ಅದು ಚಿನ್ನದ ಸರದಲ್ಲಿದೆ, ಕಾರಿನ ಕನ್ನಡಿಯಲ್ಲಿ ನೇತಾಡುತ್ತದೆ. ರೋಮನ್ನರ ಕಾಲದಲ್ಲಿ ಅದು ಗುಲಾಮರಿಗೂ ದಂಗೆ ಎದ್ದವರಿಗೂ ಇಟ್ಟಿದ್ದ ಸಾವು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಸೋತಾಗ ಸೆರೆಸಿಕ್ಕ ಸುಮಾರು 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೆ ಹಾಕಿದ್ದರು, ಹೋಗಿ ಬರುವವರೆಲ್ಲ ನೋಡಲಿ ಅಂತ. ಯೆಹೂದ್ಯರಿಗಂತೂ ಮರಕ್ಕೆ ತೂಗುಹಾಕಿದವನ ಮೇಲೆ ದೇವರ ಶಾಪವಿದೆ ಅಂತ ಅವರ ಧರ್ಮಗ್ರಂಥದ ಧರ್ಮೋಪದೇಶಕಾಂಡದಲ್ಲೇ ಬರೆದಿತ್ತು. ರೋಮಿನ ಪಾಲಟೈನ್ ಗುಡ್ಡದಲ್ಲಿ ಸಿಕ್ಕ ಒಂದು ಗೀಚು ಚಿತ್ರವಿದೆ. ಶಿಲುಬೆಯ ಮೇಲೆ ಕತ್ತೆಯ ತಲೆ ಇರುವ ಮನುಷ್ಯ, ಕೆಳಗೆ ಕೈ ಎತ್ತಿ ನಿಂತ ಒಬ್ಬ. ಅಲೆಕ್ಸಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಅಂತ ಗ್ರೀಕಿನಲ್ಲಿ ಬರೆದಿದ್ದಾರೆ. ಯೇಸುವಿನ ಶಿಲುಬೆಯ ಚಿತ್ರಗಳಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ಬರೆದದ್ದು ಗೇಲಿ ಮಾಡುವುದಕ್ಕೆ. ಆ ಅಲೆಕ್ಸಮೆನೊಸ್ ಯಾರೋ ಏನೋ, ಅವನನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಂಥ ಸಾವು ಸತ್ತವನನ್ನೇ ಕರ್ತನು, ಅಂದರೆ ಒಡೆಯನು, ಅಂತ ಸಾರುತ್ತಾ ಮೊದಲ ಕಾಲದ ಪ್ರಚಾರಕ ಪೌಲ ಊರೂರು ತಿರುಗಿದ. ಇದು ಯೆಹೂದ್ಯರಿಗೆ ಎಡವುವ ಕಲ್ಲು, ಬೇರೆಯವರಿಗೆ ಹುಚ್ಚುಮಾತು ಅಂತ ಅವನೇ ಕೊರಿಂಥ ಊರಿನ ಸಭೆಯವರಿಗೆ ಬರೆದ. ಅದೇ ಪತ್ರದ 15ನೇ ಅಧ್ಯಾಯದಲ್ಲಿ, ಕ್ರಿಸ್ತನು ಎದ್ದು ಬರಲಿಲ್ಲ ಅಂತಾದರೆ ನಮ್ಮ ಪ್ರಸಂಗಕ್ಕೂ ಹುರುಳಿಲ್ಲ, ನಿಮ್ಮ ನಂಬಿಕೆಗೂ ಹುರುಳಿಲ್ಲ ಅಂತಲೂ ಬರೆದ. ಎರಡೂ ಒಂದೇ ಪತ್ರದಲ್ಲಿವೆ, ಒಂದೇ ಉಸಿರಿನ ಮಾತು. ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರ ಮುಂದೆ ಮಾಡಿದ ಮೊದಲ ಪ್ರಸಂಗವೂ ಹಾಗೇ: ನೀವು ಕೊಂದಿರಿ, ದೇವರು ಎಬ್ಬಿಸಿದನು. (ಆ ‘ನೀವು’ ಅನ್ನುವ ಮಾತನ್ನು ಹಿಡಿದುಕೊಂಡು ಯುರೋಪಿನ ಕ್ರೈಸ್ತರು ನೂರಾರು ವರ್ಷ ಯೆಹೂದ್ಯರನ್ನು ಹಿಂಸಿಸಿದರು. ಅದು ದೊಡ್ಡ ಪಾಪ. ಪೇತ್ರನೂ ಯೆಹೂದ್ಯನೇ, ಯೇಸುವನ್ನು ಅರಿಯೆ ಅಂತ ಮೂರು ಸಲ ಹೇಳಿದವನು. ಮರಣದಂಡನೆ ಕೊಟ್ಟವನು ರೋಮಿನ ಅಧಿಕಾರಿ ಪಿಲಾತ.) ಪಿಲಾತ ಒಂದು ತೀರ್ಪು ಕೊಟ್ಟಿದ್ದ, ಇವನು ಸಾಯತಕ್ಕವನು ಅಂತ. ಮೂರನೇ ದಿನ ದೇವರು ಆ ತೀರ್ಪನ್ನು ಅಳಿಸಿ, ನೀವು ಊರ ಹೊರಗೆ ಎಸೆದವನೇ ನನ್ನವನು ಅಂದ. ನನಗೆ ಪುನರುತ್ಥಾನ ಅಂದರೆ ಇದು. ಯಾರೋ ಒಬ್ಬ ಸತ್ತು ಬದುಕಿದ ಅನ್ನುವಷ್ಟೇ ಆಗಿದ್ದರೆ ಅದು ಪವಾಡವಾಗುತ್ತಿತ್ತು, ಸುವಾರ್ತೆ, ಅಂದರೆ ಒಳ್ಳೆಯ ಸುದ್ದಿ, ಆಗುತ್ತಿರಲಿಲ್ಲ.

ಈಗ ನಮ್ಮ ಪ್ರಸಂಗಗಳ ವಿಷಯ. ಯೇಸುವಿನ ಸಾವನ್ನು ನೆನೆಯುವ ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಕೂತು, ಅವನು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಕೇಳುತ್ತೇವೆ. ಮೊಳೆ, ರಕ್ತ, ಮುಳ್ಳಿನ ಕಿರೀಟ ಎಲ್ಲವನ್ನೂ ವಿವರವಾಗಿ ಹೇಳುತ್ತಾರೆ, ನಾವು ಅಳುತ್ತೇವೆ. ಶಿಲುಬೆ ಕನ್ನಡಕ್ಕೆ ಹೊಸದೂ ಅಲ್ಲ. ಮಂಜೇಶ್ವರ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಯೇಸುವಿನ ಮರಣದ ಮೇಲೆ ‘ಗೊಲ್ಗೊಥಾ’ ಅನ್ನುವ ಕಾವ್ಯವನ್ನೇ ಬರೆದರು. ಆದರೆ ಭಾನುವಾರ ಬಂದ ಕೂಡಲೇ ಶುಕ್ರವಾರ ಮರೆತೇಹೋಗುತ್ತದೆ. ಬಿಳಿ ಲಿಲ್ಲಿ ಹೂ, ಜಯ ಜಯ ಅನ್ನುವ ಹಾಡು, ನಿಮ್ಮ ಸಾಲ ತೀರುತ್ತದೆ, ವೀಸಾ ಸಿಗುತ್ತದೆ, ಕಾಯಿಲೆ ಹೋಗುತ್ತದೆ ಅನ್ನುವ ಮಾತು. ಎರಡು ದಿನಗಳ ಹಿಂದೆ ಗಾಯದಿಂದ ಸತ್ತವನು ಇವನೇನಾ ಅನಿಸುವಷ್ಟು ದೂರ ಹೋಗಿಬಿಟ್ಟಿರುತ್ತೇವೆ.

ನನಗೆ ಇದು ಸುಮ್ನೆ ಚರ್ಚೆಯ ವಿಷಯವಲ್ಲ. ನನ್ನ ಅಣ್ಣ ತೀರಿಕೊಂಡಾಗ ಮಣ್ಣು ಮಾಡುವ ಹೊತ್ತಿನಲ್ಲಿ ಪ್ರಸಂಗಕ್ಕೆ ನಿಂತವರೊಬ್ಬರು, ಅಳಬೇಡಿ, ಅಳುವುದು ಅಂದರೆ ಪುನರುತ್ಥಾನದಲ್ಲಿ ನಂಬಿಕೆ ಇಲ್ಲ ಅಂತ ಅಂದುಬಿಟ್ಟರು. ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಆ ನೋಟ ಇವತ್ತಿಗೂ ಕಣ್ಣ ಮುಂದಿದೆ. ಪ್ರಸಂಗ ಮಾಡಿದವರು ಕೆಟ್ಟವರೇನಲ್ಲ, ಧೈರ್ಯ ಹೇಳಲಿಕ್ಕೇ ಹೊರಟಿದ್ದರು. ಆದರೆ ಶಿಲುಬೆಯನ್ನು ಬಿಟ್ಟು ಪುನರುತ್ಥಾನವನ್ನು ಹೇಳಿದರೆ ಹೀಗೇ ಆಗುತ್ತದೆ, ಅದು ನೊಂದವರ ಬಾಯಿ ಮುಚ್ಚಿಸುತ್ತದೆ.

ಅದಾದ ಮೇಲೆ ಬಂದ ಈಸ್ಟರಿಗೆ ಬೆಳಗಿನ ಜಾವ ನಮ್ಮ ಸಭೆಯವರೆಲ್ಲ ಸ್ಮಶಾನದಲ್ಲಿ ಸೇರಿದ್ದೆವು. ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ, ಕತ್ತಲಲ್ಲೇ ಹಾಡಲು ಶುರು ಮಾಡಿ, ಸೂರ್ಯ ಹುಟ್ಟುವವರೆಗೆ ಇರುವುದು ನಮ್ಮಲ್ಲಿ ರೂಢಿ. ವಯಸ್ಸಾದ ಸಭಾಪಾಲಕರೊಬ್ಬರು ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ಓದಿದರು. ಮಗ್ದಲದ ಮರಿಯಳು ಸಮಾಧಿಯ ಹೊರಗೆ ಅಳುತ್ತಾ ನಿಂತಿದ್ದಾಳೆ. ಯೇಸು ಅವಳನ್ನು ಗದರುವುದಿಲ್ಲ, ಅಮ್ಮಾ ಯಾಕೆ ಅಳುತ್ತೀ, ಯಾರನ್ನು ಹುಡುಕುತ್ತೀ ಅಂತ ಕೇಳುತ್ತಾನೆ. ಅವಳು ಅವನನ್ನು ತೋಟಗಾರ ಅಂದುಕೊಳ್ಳುತ್ತಾಳೆ. ಆಮೇಲೆ ಅವನು ಹೆಸರು ಹಿಡಿದು ಕರೆಯುತ್ತಾನೆ. ಆ ಹಿರಿಯರು ಅಷ್ಟು ಓದಿ, ಅಳು ಬಂದವರು ಅಳಿ, ಎದ್ದು ಬಂದವನು ಮೊದಲು ಮಾತಾಡಿಸಿದ್ದು ಅಳುತ್ತಿದ್ದವಳನ್ನೇ ಅಂದರು. ಅತ್ತಿಗೆ ಅವತ್ತು ಬಾಯಿಬಿಟ್ಟು ಅತ್ತರು.

ಅದೇ ಅಧ್ಯಾಯದಲ್ಲಿ ಮುಂದೆ ತೋಮ ಬರುತ್ತಾನೆ, ಯೇಸು ಎದ್ದು ಬಂದ ಅಂತ ಉಳಿದವರು ಹೇಳಿದಾಗ ನಂಬದ ಶಿಷ್ಯ. ನಮ್ಮಲ್ಲಿ ಅವನನ್ನು ಜಾಸ್ತಿ ಬೈಯುವುದೇ ರೂಢಿ, ಸಂಶಯದ ತೋಮ ಅಂತ. ಆದರೆ ಅವನು ಕೇಳಿದ್ದೇನು? ಬೆಳಕನ್ನು ತೋರಿಸಿ ಅನ್ನಲಿಲ್ಲ, ಮೊಳೆಯ ಗುರುತು ತೋರಿಸಿ ಅಂದ. ಶಿಲುಬೆಗೆ ಹೋದವನೇ ಎದ್ದು ಬಂದಿದ್ದಾನೋ ಅಥವಾ ಬೇರೆ ಯಾರೋ ಬಂದಿದ್ದಾರೋ, ಅವನಿಗೆ ಬೇಕಿದ್ದದ್ದು ಅಷ್ಟೇ. ಯೇಸು ಕೈ ಚಾಚಿ ತೋರಿಸಿದ. ಸಾವನ್ನೇ ಗೆದ್ದ ದೇಹದಲ್ಲಿ ಗಾಯದ ಗುರುತು ಹಾಗೇ ಉಳಿದಿತ್ತು. ದೇವರಿಗೆ ಅದನ್ನು ಅಳಿಸಲು ಕಷ್ಟವಿರಲಿಲ್ಲ ಅಲ್ವಾ? ಅಳಿಸಲಿಲ್ಲ. ಈ ಒಂದು ವಿಷಯದ ಮೇಲೆ ಈಸ್ಟರ್ ಭಾನುವಾರ ಪ್ರಸಂಗ ಕೇಳಬೇಕು ಅಂತ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದೇನೆ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ವರ್ಷ ಈಸ್ಟರ್ ಪುರವಣಿಗೆ ಯಾರಿಂದ ಬರೆಸಿದರೂ, ಆ ಕೈಗಳ ಬಗ್ಗೆ ನಾಲ್ಕು ಸಾಲು ಬರೆಯಲು ಹೇಳಿ. ಯೋಹಾನ 20, 24ನೇ ವಚನದಿಂದ.

ಇತಿ,
ನಿಮ್ಮ ಹಳೆಯ ಓದುಗ
ಮಂಗಳೂರು