ಟೆಕ್ನಿಕಲ್ ಸೆಕ್ಷನ್‌ಗೆ ಸೇರಿದ ಕಾವ್ಯಳಿಗೆ

ಸೋಮವಾರಪೇಟೆ
ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ

ಚಿ. ಕಾವ್ಯಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸವೇನೋ ಸಿಕ್ಕಿತು, ಆದರೆ ಪುಸ್ತಕ ತರಿಸಿ ದಾಖಲಿಸುವ ಟೆಕ್ನಿಕಲ್ ಸೆಕ್ಷನ್ನಿನ ಹಿಂದಿನ ಕೋಣೆಗೆ ಹಾಕಿದ್ದಾರೆ, ಓದುವವರ ಮುಖವೇ ಕಾಣುವುದಿಲ್ಲ ಎಂದು ಬೇಜಾರಿನಲ್ಲಿ ಬರೆದಿದ್ದೀಯ. ಕೌಂಟರಿನಲ್ಲಿ ಆದ ತಪ್ಪು ಒಬ್ಬರಿಗೆ ಒಂದು ದಿನ ತೊಂದರೆ ಕೊಡುತ್ತದೆ, ಬೈದರೆ ಸರಿಹೋಗುತ್ತದೆ. ನಿನ್ನ ಮೇಜಿನ ತಪ್ಪು ಪುಸ್ತಕದ ಜೊತೆಗೇ ರ‍್ಯಾಕಿಗೆ ಹೋಗಿ ಕೂರುತ್ತದೆ. ಬೈಯುವವರೂ ಇಲ್ಲ, ಯಾಕೆಂದರೆ ಆ ಪುಸ್ತಕ ಇದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟೆ: ತೆರೆಯ ಮೇಲೆ ಕಂಡದ್ದನ್ನು ನಂಬಬೇಡ, ಪುಸ್ತಕ ಕೈಯಲ್ಲಿ ಹಿಡಿದು ಬಿಡಿಸಿ ನೋಡಿ ಬರೆ.

ಆರ್ಡರ್ ಹಾಕುವಾಗಲೇ ಇದು ಶುರು. ಪುಸ್ತಕ ಈಗಾಗಲೇ ಇದೆಯೇ ಎಂದು ಹುಡುಕುವಾಗ ಬರೀ ಪುಸ್ತಕದ ಗುರುತಿನ ನಂಬರಾದ ಐಎಸ್‌ಬಿಎನ್ ಹಾಕಿ ಕೈತೊಳೆದುಕೊಳ್ಳಬೇಡ. ರಟ್ಟಿನ ಹೊದಿಕೆಗೆ ಒಂದು ನಂಬರು, ಪೇಪರ್‌ಬ್ಯಾಕಿಗೆ ಇನ್ನೊಂದು, ಸಂಪುಟಗಳ ಸೆಟ್ಟಿಗೆ ಮತ್ತೊಂದು ಇರುತ್ತದೆ. ಹಳೆಯ ಕನ್ನಡ ಪುಸ್ತಕಕ್ಕೆ ನಂಬರೇ ಇರುವುದಿಲ್ಲ. ಹೆಸರಿನ ಎರಡು ಪದ, ಲೇಖಕರ ಹೆಸರು ಹಾಕಿ, ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಲಿಪಿಯಲ್ಲಿ ಒಮ್ಮೆ ಹುಡುಕು. ಇನ್ನೊಂದು ಗೊಂದಲ ನಮ್ಮ ಪ್ರಕಾಶಕರದ್ದೇ. ‘ಮೂರನೇ ಮುದ್ರಣ’ ಎಂದರೆ ಮೂರನೇ ಆವೃತ್ತಿಯಲ್ಲ. ಮುದ್ರಣ ಎಂದರೆ ಅದೇ ಪುಸ್ತಕ ಮತ್ತೆ ಅಚ್ಚಾಗಿದೆ, ಅಷ್ಟೆ. ಪರಿಷ್ಕೃತ ಎಂದಿದ್ದರೆ ಮಾತ್ರ ಹೊಸದೆಂದು ತಿಳಿ. ಎಷ್ಟೋ ಕಡೆ ಒಂದೇ ಪುಸ್ತಕಕ್ಕೆ ನಾಲ್ಕು ದಾಖಲೆ ಇರುವುದು ಈ ಒಂದು ಪದದಿಂದಲೇ.

ಬಂಡಲ್ ಬಂದಾಗ ಬಿಲ್ಲು, ಆರ್ಡರ್ ಪ್ರತಿ, ಪುಸ್ತಕ ಮೂರನ್ನೂ ಎದುರಿಟ್ಟುಕೊಂಡು ತಾಳೆ ನೋಡು. ಅದಕ್ಕಿಂತ ಮುಖ್ಯ, ಸೀಲು ಹೊಡೆಯುವ ಮೊದಲು ಪ್ರತಿ ಪುಸ್ತಕದ ಪುಟಸಂಖ್ಯೆ ಸರಸರ ತಿರುವು. ಪುಸ್ತಕ ಹೊಲಿಯುವುದು ಎಂಟು ಅಥವಾ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ. ತಪ್ಪಿದರೆ ಒಂದು ಪುಟ ತಪ್ಪುವುದಿಲ್ಲ, ಇಡೀ ಫಾರಮ್ಮೇ ಎರಡು ಸಲ ಬಂದಿರುತ್ತದೆ, ಇನ್ನೊಂದು ಮಾಯವಾಗಿರುತ್ತದೆ, ಇಲ್ಲ ತಲೆಕೆಳಗಾಗಿರುತ್ತದೆ. 32ರ ನಂತರ 49 ಬಂದರೆ ಆಗಲೇ ಬದಿಗಿಡು. ಸೀಲು ಬಿದ್ದ ಪುಸ್ತಕವನ್ನು ಯಾವ ವ್ಯಾಪಾರಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಂದ ಪುಸ್ತಕಗಳನ್ನು ನಮೂದಿಸುವ ಅಕ್ಸೆಶನ್ ರಿಜಿಸ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ವಾರದಲ್ಲಿ ಕಲಿಯುತ್ತೀಯ. ಒಂದು ಪ್ರತಿಗೆ ಒಂದು ನಂಬರು. ಮೂರು ಸಂಪುಟವಿದ್ದರೆ ಮೂರು. ಅದೇ ನಂಬರನ್ನು ಬಿಲ್ಲಿನ ಹಿಂದೆಯೂ ಬರೆಯಬೇಕು, ಆಡಿಟ್‌ನವರು ಮೊದಲು ಕೇಳುವುದೇ ಅದನ್ನು. ವೈಟ್ನರ್ ಹಚ್ಚಬೇಡ. ತಪ್ಪಾದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಕು. ಸೀಲು ಶೀರ್ಷಿಕೆ ಪುಟದ ಹಿಂಬದಿಗೆ, ಕೊನೆಯ ಪುಟಕ್ಕೆ, ನಿಮ್ಮಲ್ಲಿ ಗೊತ್ತುಮಾಡಿಕೊಂಡ ಗುಟ್ಟಿನ ಪುಟಕ್ಕೆ. ಆ ಪುಟಸಂಖ್ಯೆಯಷ್ಟು ದಪ್ಪವೇ ಇಲ್ಲದ ಚಿಕ್ಕ ಪುಸ್ತಕಕ್ಕೆ ಬೇರೆ ನಿಯಮವನ್ನು ಮೊದಲೇ ಬರೆದಿಟ್ಟುಕೋ. ನುಣುಪು ಕಾಗದದ ಚಿತ್ರಪುಟದ ಮೇಲೆ ಸೀಲು ಬೇಡ. ಇಂಕು ಒಣಗದೆ ಎದುರಿನ ಚಿತ್ರಕ್ಕೆ ಅಂಟುತ್ತದೆ.

ಇನ್ನು ಕ್ಯಾಟಲಾಗ್. ಬೇರೆ ಗ್ರಂಥಾಲಯದ ದಾಖಲೆಯನ್ನು ಗ್ರಂಥಾಲಯದ ಗಣಕಗಳು ದಾಖಲೆ ಹಂಚಿಕೊಳ್ಳುವ ಝಡ್ 39.50 ವ್ಯವಸ್ಥೆಯ ಮೂಲಕ ಎಳೆದುಕೊಳ್ಳುವುದು ಸುಲಭ. ಇಂಗ್ಲಿಷ್ ಪುಸ್ತಕಕ್ಕೆ ಎಳೆದುಕೋ. ಆದರೆ ಮಾರ್ಕ್ ಎಂಬ ದಾಖಲೆಯ ನಮೂನೆಯಲ್ಲಿ ಪ್ರತಿ ವಿವರಕ್ಕೂ ನಂಬರಿನ ಒಂದು ಖಾನೆ ಇದೆ. ಅದರಲ್ಲಿ 250ರ ಆವೃತ್ತಿ, 264ರ ವರ್ಷ, 300ರ ಪುಟಗಳನ್ನು ಕೈಯಲ್ಲಿರುವ ಪುಸ್ತಕದ ಜೊತೆ ತಾಳೆ ಹಾಕದೆ ಉಳಿಸಬೇಡ. ಶೀರ್ಷಿಕೆಯ ಖಾನೆಯಾದ 245ರ ಎರಡನೇ ಸೂಚಕವನ್ನೂ ನೋಡು, ಅದು ವಿಂಗಡಿಸುವಾಗ ಮೊದಲಿಗೆ ಎಷ್ಟು ಅಕ್ಷರ ಬಿಡಬೇಕೆಂಬ ಲೆಕ್ಕ. ಇಂಗ್ಲಿಷಿನ ‘ದಿ’ ಎಂದು ಶುರುವಾದರೆ ಅಲ್ಲಿ 4 ಇರಬೇಕು, ಇಲ್ಲದಿದ್ದರೆ ಆ ಹೆಸರಿನವೆಲ್ಲ ಒಂದೇ ಅಕ್ಷರದಡಿ ಗುಂಪಾಗುತ್ತವೆ. ಕನ್ನಡಕ್ಕೆ ಯಾವಾಗಲೂ 0, ನಮ್ಮ ಭಾಷೆಗೆ ಆ ಕಾಟವಿಲ್ಲ.

ಕನ್ನಡಕ್ಕಿರುವ ಕಾಟ ಬೇರೆ, ಇಲ್ಲಿ ಸ್ವಲ್ಪ ನಿಂತು ಓದು. ಹಳೆಯ ದಾಖಲೆಗಳನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಹೊಡೆದಿದ್ದರೆ ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳು, ಕನ್ನಡದಂತೆ ಕಾಣಿಸುವುದು ಫಾಂಟು ಮಾತ್ರ. ಗ್ರಂಥಾಲಯದ ತಂತ್ರಾಂಶ ಕೋಹಾಕ್ಕೆ ಹಾಕಿದರೆ ಕಸದಂತೆ ಕಾಣುತ್ತದೆ. ಪರಿವರ್ತಕದಿಂದ ಯುನಿಕೋಡ್ ಮಾಡಿದ ಮೇಲೂ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಇದಕ್ಕಿಂತ ಕೆಟ್ಟದ್ದು ಸೊನ್ನೆ. ಅನುಸ್ವಾರ ‘ಂ’ ಬೇರೆ, ಕನ್ನಡ ಅಂಕಿಯ ಸೊನ್ನೆ ‘೦’ ಬೇರೆ. ಅವಸರದಲ್ಲಿ ಅಂಕಿಯನ್ನೇ ಒತ್ತಿ ‘ಕ೦ಪ್ಯೂಟರ್’ ಎಂದು ಹೊಡೆದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಎಂದೆಂದಿಗೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ಶೀರ್ಷಿಕೆಗಳನ್ನೆಲ್ಲ ಹೊರತೆಗೆದು ಅಕ್ಷರದ ಪಕ್ಕ ಅಂಟಿದ ‘೦’ ಇದೆಯೇ ಎಂದು ಹುಡುಕು. ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ‘ರ‍್ಯಾಂಕ್’ನಲ್ಲೂ ಹಾಗೆಯೇ. ಒಬ್ಬರು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. ಯಂತ್ರಕ್ಕೆ ಅವು ಎರಡು ಪದ. ಅಂಥ ಪದಗಳಿಗೆ ಪರ್ಯಾಯ ಶೀರ್ಷಿಕೆಯ ಖಾನೆಯಾದ 246ರಲ್ಲಿ ಇನ್ನೊಂದು ರೂಪವನ್ನೂ ಕೊಟ್ಟುಬಿಡು. ಕೋಹಾದಲ್ಲಿ ಝೀಬ್ರಾ ಸೂಚಿ ಬಳಸುತ್ತಿದ್ದರೆ ಅದು ಯುನಿಕೋಡ್ ಅಕ್ಷರಗಳನ್ನು ಸರಿಯಾಗಿ ಹಿಡಿಯುವ ಐಸಿಯು ಕ್ರಮದಲ್ಲಿದೆಯೇ ಎಂದು ಸಿಸ್ಟಂ ನೋಡಿಕೊಳ್ಳುವವರನ್ನು ಕೇಳು. ಹಾಗಿಲ್ಲದಿದ್ದರೆ ನೀನು ಎಷ್ಟು ಶುದ್ಧವಾಗಿ ಹೊಡೆದರೂ ಕನ್ನಡ ಹುಡುಕಾಟ ಎಡವುತ್ತದೆ.

ಕೊಡಗಿನಲ್ಲಿ ಕೂತು ಕ್ಯಾಟಲಾಗ್ ಮಾಡುವವಳಿಗೆ ಇನ್ನೂ ಎರಡು ಜವಾಬ್ದಾರಿ. ಮೊದಲನೆಯದು ಭಾಷೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟವಾದ ‘ಪಟ್ಟೋಲೆ ಪಳಮೆ’ಯ ಹಾಡುಗಳ ಲಿಪಿ ಕನ್ನಡ, ಭಾಷೆ ಕೊಡವ. ಲಿಪಿ ನೋಡಿ ಕನ್ನಡದ ಸಂಕೇತ ‘ಕೆಎಎನ್’ ಎಂದು ಹಾಕಿಬಿಟ್ಟರೆ ಕೊಡವ ತಕ್ಕ್‌ನ ಪುಸ್ತಕಗಳು ಕನ್ನಡದ ರಾಶಿಯಲ್ಲಿ ಕಳೆದುಹೋಗುತ್ತವೆ. ಮಾರ್ಕ್ ಪಟ್ಟಿಯಲ್ಲಿ ಕೊಡವಕ್ಕೆ ಪ್ರತ್ಯೇಕ ಸಂಕೇತವಿಲ್ಲ, ದ್ರಾವಿಡ ಗುಂಪಿನ ‘ಡಿಆರ್‌ಎ’ಯನ್ನೇ 008ರಲ್ಲಿ ಹಾಕಬೇಕು. ಭಾಷಾ ಸಂಕೇತಗಳ ಅಂತರರಾಷ್ಟ್ರೀಯ ಪಟ್ಟಿ ಐಎಸ್ಒ 639-3ರಲ್ಲಿ ‘ಕೆಎಫ್ಎ’ ಇದೆ. ಅದನ್ನು 041ರಲ್ಲಿ ಎರಡನೇ ಸೂಚಕ 7 ಮಾಡಿ, ಸಂಕೇತದ ಮೂಲ ನಮೂದಿಸಿ ಸೇರಿಸು. 546ರಲ್ಲಿ ‘ಕೊಡವ ಭಾಷೆ, ಕನ್ನಡ ಲಿಪಿ’ ಎಂದು ಬಿಡಿಸಿ ಬರೆ. ಎರಡು ನಿಮಿಷದ ಕೆಲಸ.

ಎರಡನೆಯದು ಹೆಸರು. ಕೊಡವರ ಮನೆಹೆಸರು ಮೊದಲು ಬರುತ್ತದೆ, ಇಟ್ಟ ಹೆಸರು ಆಮೇಲೆ. ಹೊರಗಿನ ಅಭ್ಯಾಸದಲ್ಲಿ ಕೊನೆಯ ಪದವನ್ನೇ ಮನೆತನವೆಂದು ಹಿಡಿದು ತಿರುವಿದರೆ ಒಬ್ಬರೇ ಲೇಖಕರು ಮೂರು ಕಡೆ ಒಡೆಯುತ್ತಾರೆ. ಒಂದು ರೂಪ ನಿಶ್ಚಯಿಸಿ, ಹೆಸರುಗಳ ಒಪ್ಪಿದ ರೂಪವನ್ನಿಡುವ ಅಥಾರಿಟಿ ದಾಖಲೆಯ 100ರಲ್ಲಿ ಹಾಕು. ಇನಿಷಿಯಲ್ ರೂಪ, ತಿರುವಿದ ರೂಪ, ಇಂಗ್ಲಿಷ್ ರೂಪ ಎಲ್ಲ 400ಕ್ಕೆ. ಊರ ಹೆಸರುಗಳಿಗೂ ಇದೇ ಉಪಾಯ. ಕೊಡಗು ಎಂದು ಹುಡುಕಿದವನಿಗೂ ಕೂರ್ಗ್ ಎಂದು ಹುಡುಕಿದವನಿಗೂ ಒಂದೇ ಪುಸ್ತಕ ಸಿಗಬೇಕು.

ವರ್ಗೀಕರಣಕ್ಕೆ ನಮ್ಮ ಕಾಫಿಯನ್ನೇ ತಗೋ. ಡ್ಯೂಯಿ ವರ್ಗೀಕರಣ ಪದ್ಧತಿಯಲ್ಲಿ ತೋಟ ಮಾಡುವುದು 633.73, ಹುರಿದು ಪುಡಿ ಮಾಡುವುದು 663.93, ಬೆಲೆ-ಮಾರುಕಟ್ಟೆ 338.17373. ಹೊದಿಕೆಯ ಮೇಲೆ ಮೂರರದ್ದೂ ಅದೇ ಕೆಂಪು ಹಣ್ಣಿನ ಚಿತ್ರ! ಹೆಸರು ನೋಡಿ ನಂಬರು ಕೊಡಬೇಡ; ಪರಿವಿಡಿ, ಮುನ್ನುಡಿ ನೋಡು. ಕೊಟ್ಟ ಮೇಲೆ ಅದೇ ನಂಬರಿನಲ್ಲಿ ನಿಮ್ಮಲ್ಲಿ ಈಗಾಗಲೇ ಏನಿದೆ ಎಂದು ಪಟ್ಟಿ ತೆಗೆದು ನೋಡು. ಪಕ್ಕದಲ್ಲಿ ಕೂರಬೇಕಾದವೇ ಅಲ್ಲಿದ್ದರೆ ಸರಿ. ಡ್ಯೂಯಿ ಪುಸ್ತಕದ ನಿಯಮಕ್ಕಿಂತ ನಿಮ್ಮ ಕಪಾಟಿನ ರೂಢಿ ಬೇರೆಯಿದ್ದರೆ ರೂಢಿಯನ್ನೇ ಅನುಸರಿಸು, ಬೇಕಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸು. ಅರ್ಧ ಹಳೆಯದು ಅರ್ಧ ಹೊಸದು ಮಾತ್ರ ಮಾಡಬೇಡ.

ಲೇಬಲ್ ಅಂಟಿಸುವುದನ್ನು ಹುಡುಗರ ಕೆಲಸ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬುಡದಿಂದ ಮೂರು ಸೆಂಟಿಮೀಟರ್ ಎತ್ತರಕ್ಕೆ ಒಂದು ರಟ್ಟಿನ ಅಳತೆಪಟ್ಟಿ ಕತ್ತರಿಸಿಟ್ಟುಕೊಂಡರೆ ರ‍್ಯಾಕಿನಲ್ಲಿ ಲೇಬಲ್‌ಗಳು ಒಂದೇ ಸಾಲಿನಲ್ಲಿ ಬರುತ್ತವೆ, ತಪ್ಪು ಜಾಗದ ಪುಸ್ತಕ ದೂರದಿಂದಲೇ ಕಾಣುತ್ತದೆ. ಬೆನ್ನು ತೆಳುವಾದ ಪುಸ್ತಕಕ್ಕೆ ಲೇಬಲ್ಲನ್ನು ಬೆನ್ನಿಗೆ ಮಡಚಬೇಡ, ಮುಂದಿನ ಹೊದಿಕೆಯ ಕೆಳಗೆ ಬೆನ್ನಿನ ಹತ್ತಿರ ಅಂಟಿಸು. ಬಾರ್‌ಕೋಡಿಗೆ ಶಾಖದಿಂದ ಕಪ್ಪಾಗುವ ಅಗ್ಗದ ಥರ್ಮಲ್ ಕಾಗದ ಬೇಡ, ಬಸ್ ಟಿಕೆಟ್ಟಿನ ಹಾಗೆ ಮಾಸುತ್ತದೆ. ರಿಬ್ಬನ್ ಹಾಕುವ ಪ್ರಿಂಟರೇ ಬೇಕು. ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಯಿಂದ ಓದುವ ಚೀಟಿ) ಇದ್ದರೆ ಎಲ್ಲ ಪುಸ್ತಕಕ್ಕೂ ಅದೇ ಮೂಲೆಗೆ ಅಂಟಿಸಬೇಡ. ತೆಳು ಪುಸ್ತಕಗಳನ್ನು ಒತ್ತೊತ್ತಾಗಿ ಇಟ್ಟಾಗ ಟ್ಯಾಗಿನ ಮೇಲೆ ಟ್ಯಾಗ್ ಬಿದ್ದು ಯಂತ್ರ ಒಂದನ್ನು ಓದಿ ಒಂದನ್ನು ಬಿಡುತ್ತದೆ.

ಈಗ ಮಳೆಯ ವಿಷಯ. ಬೇರೆ ಊರಿನ ಕೈಪಿಡಿಗಳು ನಮಗೆ ಸಾಲದೆ ಹೋಗುವುದು ಇಲ್ಲಿಯೇ. ಹಣ ಖರ್ಚಾಗಬೇಕೆಂದು ಮಾರ್ಚ್‌ನಲ್ಲಿ ರಾಶಿ ಪುಸ್ತಕ ಬರುತ್ತದೆ. ಏಪ್ರಿಲ್, ಮೇ ಕಳೆದರೆ ಜೂನಿನ ಮಳೆ. ರಟ್ಟಿನ ಡಬ್ಬ ನೆಲದ ಮೇಲೆಯೇ ಉಳಿದರೆ ಒಳಗಿನ ಹೊಸ ಪುಸ್ತಕಕ್ಕೆ ರ‍್ಯಾಕ್ ಕಾಣುವ ಮೊದಲೇ ಬೂಷ್ಟು. ಡಬ್ಬ ಕೂಡಲೇ ಬಿಚ್ಚಿ ಬಿಸಾಡು, ಪುಸ್ತಕ ನಿಲ್ಲಿಸಿಡು. ಕೆಳಗಿನ ತಟ್ಟೆ ನೆಲದಿಂದ ಅರ್ಧ ಅಡಿ ಮೇಲಿರಲಿ, ರ‍್ಯಾಕ್ ಗೋಡೆಗೆ ತಾಗದಿರಲಿ. ತೇವಾಂಶ ಅಳೆಯುವ ಹೈಗ್ರೋಮೀಟರ್ ಒಂದನ್ನು ಕೇಳಿ ತರಿಸಿಕೋ. ಅದು 60 ಶೇಕಡಾಕ್ಕಿಂತ ಕೆಳಗಿದ್ದರೆ ನೆಮ್ಮದಿ, 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುವುದೇ. ‘ಗಾಳಿಯಾಡಲಿ’ ಎಂದು ಕಕ್ಕಡದಲ್ಲಿ ಕಿಟಕಿ ತೆರೆಯುವುದು ತಪ್ಪು. ಹೊರಗಿನ ಗಾಳಿಯೇ ನೀರು. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸಬೇಕು. ಅದರ ತೊಟ್ಟಿ ತುಂಬಿದೊಡನೆ ಯಂತ್ರ ತಾನೇ ನಿಲ್ಲುತ್ತದೆ. ಶನಿವಾರ ಸಂಜೆ ತುಂಬಿದರೆ ಸೋಮವಾರದವರೆಗೆ ನಿಂತೇ ಇರುತ್ತದೆ, ಆದ್ದರಿಂದ ಪೈಪು ಹಾಕಿ ಹೊರಗೆ ಬಿಡು.

ಬೂಷ್ಟು ಬಂದ ಪುಸ್ತಕವನ್ನು ಒದ್ದೆಬಟ್ಟೆಯಲ್ಲಿ ಒರೆಸಬೇಡ, ಉಜ್ಜಿದಷ್ಟೂ ಒಳಗೆ ಇಳಿಯುತ್ತದೆ. ಬೇರೆ ಮಾಡಿ, ಒಣಗಿಸಿ, ಬೂಷ್ಟು ಪುಡಿಯಾದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆ ಬ್ರಷ್‌ನಿಂದ ಕೊಡವು. ನುಸಿಗುಳಿಗೆಯಿಂದ ಬೂಷ್ಟು ಸಾಯುವುದಿಲ್ಲ, ನಿನಗೆ ತಲೆನೋವು ಬರುತ್ತದೆ ಅಷ್ಟೆ. ತೋಟದ ಬಂಗಲೆಗಳಿಂದ ದಾನವಾಗಿ ಬರುವ ಪೆಟ್ಟಿಗೆಗಳನ್ನು ಎಷ್ಟು ದೊಡ್ಡವರು ಕೊಟ್ಟರೂ ನೇರವಾಗಿ ಒಳಗೆ ಬಿಡಬೇಡ. ಬೇರೆ ಕೋಣೆಯಲ್ಲಿ ಬಿಚ್ಚು. ಬೆಳ್ಳಿಹುಳ, ಕೊರೆಹುಳ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡು. ತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚದೆ ಬಿಡು, ಇಲ್ಲದಿದ್ದರೆ ಬೆವರಿ ಒದ್ದೆಯಾಗುತ್ತದೆ. ಹುಳ ಸಾಯುತ್ತದೆ, ಬೂಷ್ಟು ಸಾಯುವುದಿಲ್ಲ. ಬೈಂಡಿಂಗ್‌ನವರು ಗೋಂದಿಗೆ ಮೈಲುತುತ್ತ ಹಾಕುತ್ತಾರೆ. ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ, ಅದಿದ್ದರೆ ಬೂಷ್ಟು ಬೆಳೆಯದು ನಿಜ. ಆದರೆ ಅದರಲ್ಲಿರುವ ತಾಮ್ರ ವರ್ಷ ಕಳೆದಂತೆ ಕಾಗದವನ್ನು ಸುಡುತ್ತದೆ, ಹಳೆಯ ಅಪರೂಪದ ಪುಸ್ತಕಕ್ಕೆ ಬೇಡ ಎಂದು ಖಂಡಿತವಾಗಿ ಹೇಳು.

ಬೈಂಡಿಂಗ್ ಕಳಿಸುವುದಾದರೆ ಸುಗ್ಗಿಯ ಹಬ್ಬ ಹುತ್ತರಿ ಕಳೆದ ಮೇಲೆ, ಶಿವರಾತ್ರಿಯೊಳಗೆ. ಮಳೆಯಲ್ಲಿ ಹಾಕಿದ ಅಂಟು ಒಣಗುವುದಿಲ್ಲ, ರಟ್ಟು ಬಾಗುತ್ತದೆ. ಪತ್ರಿಕೆಗಳಾದರೆ ಸಂಪುಟ ಪೂರ್ತಿ ಇದೆಯೇ, ಸೂಚಿ ಬಂದಿದೆಯೇ ನೋಡಿ ಕಳಿಸು. ಪಿಎಚ್‌ಡಿ ಪ್ರಬಂಧಗಳು ದೇಶದ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಅಧ್ಯಾಯವಾರು ಪಿಡಿಎಫ್ ಆಗಿ ಹೋಗಬೇಕು. ಸಿಡಿಯನ್ನು ವಿದ್ಯಾರ್ಥಿ ಎದುರಿಗಿರುವಾಗಲೇ ತೆರೆದು ನೋಡು.

ಸ್ಟಾಕ್ ಎಣಿಕೆಯನ್ನೂ ಆ ಒಣ ತಿಂಗಳಲ್ಲೇ ಇಟ್ಟುಕೋ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರ 215ನೇ ನಿಯಮದಲ್ಲಿ 20,000 ಪುಸ್ತಕದವರೆಗೆ ಪ್ರತಿ ವರ್ಷ ಪೂರ್ತಿ ಎಣಿಕೆ, 50,000ದವರೆಗೆ ಮೂರು ವರ್ಷಕ್ಕೊಮ್ಮೆ, ಅದಕ್ಕೂ ಮೇಲಾದರೆ ಮಾದರಿ ಎಣಿಕೆ ಎಂದಿದೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಿಗೆ ಬಳಸಿದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜ. ಆದರೆ 1,000 ರೂಪಾಯಿ ಮೀರಿದ್ದು, ಅಪರೂಪದ್ದು ಕಳೆದರೆ ವಿಚಾರಣೆ ಆಗಲೇಬೇಕು. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ಫೈಲಿನಲ್ಲಿ ನೋಡಿಕೋ. ಸಿಗದ ಪುಸ್ತಕವನ್ನು ‘ಕಳೆದಿದೆ’ ಎಂದು ಗುರುತು ಹಾಕುವ ಮೊದಲು ರ‍್ಯಾಕಿನ ಹಿಂದೆ ಬಿದ್ದಿದೆಯೇ, ಬೈಂಡಿಂಗ್ ಪಟ್ಟಿಯಲ್ಲಿದೆಯೇ, ನಂಬರಿನ ಅಂಕಿ ಹಿಂದುಮುಂದಾಗಿ ಬೇರೆ ಕಡೆ ಕೂತಿದೆಯೇ ಎಂದು ನೋಡು. 894ರದ್ದು 849ರಲ್ಲಿ ಇರುವುದು ತೀರಾ ಸಾಮಾನ್ಯ.

ಹುತ್ತರಿಗೆ ಬರುವಾಗ ನಿಮ್ಮಲ್ಲಿರುವ ಮನೆಹೆಸರುಗಳ ಅಥಾರಿಟಿ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು ಬಾ. ಇಬ್ಬರೂ ಕೂತು ಒಂದೊಂದಾಗಿ ನೋಡುವ.

ಇಂತಿ ನಿನ್ನ,
ದೊಡ್ಡಮ್ಮ